ಪರದೆಯೋದುಗನು ಮೂಕನಾಗುವದೇಕೆ?

ಕಣ್ಣು ಕಾಣದವನ ಕೈಯೊಳಗಿನ ಕೋಲು ಮುರಿದರೆ ಅದು ಮುರಿದ ಸಂಗತಿಯಾದರೂ ಅವನ ಕೈಗೆ ತಿಳಿಯುತ್ತದೆ. ಆದರೆ ಮಾತಾಡುತ್ತ ದಾರಿ ತೋರಿಸುತ್ತಿದ್ದ ಜೊತೆಗಾರನು ನಡುದಾರಿಯಲ್ಲಿ ಒಮ್ಮೆಲೆ ಸುಮ್ಮನಾದರೆ, ಅವನು ಪಕ್ಕದಲ್ಲಿಯೇ ನಿಂತಿರುವನೋ, ಬಿಟ್ಟು ಹೋಗಿರುವನೋ, ಮುಂದೆ ಇರುವದು ಹಳ್ಳವೋ ಹಸನಾದ ಹಾದಿಯೋ ಎಂಬದೊಂದೂ ತಿಳಿಯದು. ಗಣಕಯಂತ್ರವನ್ನು ಬಳಸುವ ಅಂಧರಿಗೆ ಪದೇ ಪದೇ ಒದಗುವ ಸಂಕಟವು ಈ ಎರಡನೆಯ ಬಗೆಯದು. ಇದರ ಕಾರಣವು ಹೊರಗಿನವರಿಗೆ ತಿಳಿಯದು. ಬಹಳ ಸಲ ಅನುಭವಿಸುವವರಿಗೂ ತಿಳಿಯದು. ಮನೆಯಲ್ಲಿ ಇಂಥ ಒಬ್ಬರಿದ್ದರೆ ಉಳಿದವರೆಲ್ಲರೂ ಇದನ್ನು ಅರಿತುಕೊಂಡಿರುವದು ಲೇಸು.

ಪರದೆಯೋದುಗನೆಂದರೆ ಯಾರು?

ಸ್ಕ್ರೀನ್ ರೀಡರ್ ಎಂದು ಪ್ರಸಿದ್ಧವಾದ ತಂತ್ರಾಂಶವನ್ನೇ ನಾವು ಇಲ್ಲಿ ಪರದೆಯೋದುಗನೆಂದು ಕರೆದಿದ್ದೇವೆ. ಗಣಕಯಂತ್ರದ ಪರದೆಯ ಮೇಲೆ ಮೂಡಿದ ಅಕ್ಷರ, ಗುಂಡಿ, ಪಟ್ಟಿ ಮೊದಲಾದವುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳುವದೇ ಇದರ ಕೆಲಸ. ಅಂಧನು ಕೀಲಿಮಣೆಯ ಮೇಲೆ ಬೆರಳಾಡಿಸುತ್ತಾನೆ. ಪರದೆಯೋದುಗನು ಅವನಿಗೆ ಹೇಳುತ್ತಾನೆ. ಹೀಗೆ ಇಬ್ಬರೂ ಕೂಡಿ ಕಾಗದ ಬರೆಯುವರು, ಪತ್ರಿಕೆ ಓದುವರು, ಬ್ಯಾಂಕಿನ ವ್ಯವಹಾರ ನಡೆಸುವರು.

ಇದರ ಇತಿಹಾಸವು ಮನೋಹರವಾದದ್ದು. ಅಮೇರಿಕೆಯ ಟೆಡ್ ಹೆಂಟರ್ ಎಂಬವರು ಮೋಟಾರ್‌ಸೈಕಲ್ ಪಂದ್ಯಗಳ ಸವಾರರಾಗಿದ್ದು, 1978ರಲ್ಲಿ ಅಪಘಾತದಿಂದ ದೃಷ್ಟಿಯನ್ನು ಕಳೆದುಕೊಂಡರು. ಅವರ ಸಂಸ್ಥೆಯು 1989ರಲ್ಲಿ ಹೊರತಂದ 'ಜಾಸ್' ಎಂಬ ಪರದೆಯೋದುಗನು ಲೋಕದಲ್ಲೆಲ್ಲ ಹೆಸರಾದನು. ಆದರೆ ಅದರ ಬೆಲೆಯು ಬಡವರ ಕೈಗೆಟುಕುವಂಥದಾಗಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ಅಂಧ ತರುಣರು, ಕಣ್ಣುಳ್ಳವನಿಗೆ ಪರದೆಯನ್ನು ನೋಡಲು ಬೇರೆ ಹಣ ತೆರಬೇಕಾಗಿಲ್ಲದಿರುವಾಗ ಅಂಧನೇಕೆ ತೆರಬೇಕೆಂದು ಯೋಚಿಸಿ, 'ಎನ್‌ವಿಡಿಎ' ಎಂಬ ಪರದೆಯೋದುಗನನ್ನು ತಾವೇ ಬರೆಯಲಾರಂಭಿಸಿದರು. ಜೇಮ್ಸ್ ಟೇ ಎಂಬ ಇನ್ನೊಬ್ಬ ಅಂಧ ಗೆಳೆಯರು ಅವರ ಕೈಗೂಡಿದರು. ಈ ತಂತ್ರಾಂಶವು ಎಲ್ಲರಿಗೂ ಉಚಿತ. ಅದರ ಒಳಗಿನ ಬರವಣಿಗೆಯೂ ಯಾರು ಬೇಕಾದರೂ ನೋಡಿ ತಿದ್ದಬಹುದಾದದ್ದು. ಅದರೊಡನೆ ಬರುವ 'ಈಸ್ಪೀಕ್' ಎಂಬ ಧ್ವನಿಯು ಕನ್ನಡವನ್ನೂ ಉಚ್ಚರಿಸಬಲ್ಲದು. ಆ ಉಚ್ಚಾರಕ್ಕೆ ಮಾಧುರ್ಯವು ಸಾಲದಾದರೂ, ಕಾಸಿಲ್ಲದೆ ಕನ್ನಡವನ್ನು ಓದಿಸಿಕೊಳ್ಳುವ ಸೌಕರ್ಯವು ಸಣ್ಣದಲ್ಲ.

ಬಾಗಿಲಲ್ಲಿ ನಿಂತ ಓಲೆಕಾರ

ಇನ್ನು ಪ್ರಕೃತಕ್ಕೆ ಬರೋಣ. ಪರದೆಯೋದುಗನು ಪರದೆಯನ್ನು ನಮ್ಮಂತೆ ಕಣ್ಣಿಟ್ಟು ನೋಡುತ್ತಾನೆಂದು ಹಲವರು ತಿಳಿಯುವದುಂಟು. ಅವನು ಸಾಮಾನ್ಯವಾಗಿ ಹಾಗೆ ನೋಡುವವನಲ್ಲ, ಕೇಳಿ ತಿಳಿಯುವವನು. ಗಣಕಯಂತ್ರದಲ್ಲಿ ಏಕಕಾಲಕ್ಕೆ ಅನೇಕ ತಂತ್ರಾಂಶಗಳು ಒಂದು ಓಣಿಯ ಮನೆಗಳಂತೆ ಸಾಲಾಗಿ ಇರುತ್ತವೆ: ಪತ್ರ ಬರೆಯುವದೊಂದು, ಲೆಕ್ಕ ಮಾಡುವದೊಂದು, ಜಾಲತಾಣ ತೋರಿಸುವದೊಂದು. ಪರದೆಯೋದುಗನು ಆ ಓಣಿಯ ಓಲೆಕಾರನು. ಅವನು ಮನೆಯ ಬಾಗಿಲಿಗೆ ಹೋಗಿ, 'ಈಗ ನಿಮ್ಮಲ್ಲಿ ಯಾವ ಗುಂಡಿಯ ಮೇಲೆ ಕೈಯಿದೆ? ಅದರ ಹೆಸರೇನು?' ಎಂದು ವಿಚಾರಿಸುತ್ತಾನೆ. ಮನೆಯವರು ಕೊಟ್ಟ ಉತ್ತರವನ್ನು ತಂದು ತನ್ನ ಒಡೆಯನಿಗೆ ಒಪ್ಪಿಸುತ್ತಾನೆ. ಈ ಪ್ರಶ್ನೋತ್ತರಕ್ಕೆ ಗೊತ್ತಾದ ಒಂದು ಪದ್ಧತಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನಲ್ಲಿ 1997ರ ಸುಮಾರಿಗೆ ತಂದಿತು; ಮುಂದೆ ಅದನ್ನು ಇನ್ನೂ ಸುಧಾರಿಸಲಾಯಿತು.

ಈಗ ಮನೆಯೊಳಗಿನ ವ್ಯವಸ್ಥೆಯನ್ನು ನೋಡಿರಿ. ಸಾಮಾನ್ಯವಾಗಿ ಪ್ರತಿಯೊಂದು ತಂತ್ರಾಂಶದಲ್ಲಿ ಬಾಗಿಲಿಗೆ ಬಂದವರಿಗೆ ಉತ್ತರ ಕೊಡತಕ್ಕ ಯಜಮಾನನು ಒಬ್ಬನೇ. ಕೀಲಿ ಒತ್ತಿದ್ದನ್ನು ಗಮನಿಸುವವನು ಅವನೇ, ಪರದೆಯ ಮೇಲೆ ಚಿತ್ರ ಬರೆಯುವವನು ಅವನೇ, ಓಲೆಕಾರನಿಗೆ ಉತ್ತರ ಹೇಳುವವನೂ ಅವನೇ. ತಂತ್ರಾಂಶವನ್ನು ರಚಿಸಿದವರು ಜಾಣರಾಗಿದ್ದರೆ ಭಾರವಾದ ಕೆಲಸವನ್ನು ಹಿತ್ತಲಿನ ಆಳುಗಳಿಗೆ ವಹಿಸಿ, ಯಜಮಾನನನ್ನು ಬಾಗಿಲ ಬಳಿ ಕೂಡ್ರಿಸುತ್ತಾರೆ. ಹಾಗಲ್ಲದೆ ದೊಡ್ಡ ಕಡತವನ್ನು ತೆರೆಯುವ ಅಥವಾ ದೂರದ ಊರಿನ ಯಂತ್ರದಿಂದ ಉತ್ತರ ಬರುವ ವರೆಗೆ ಕಾಯುವ ಕೆಲಸವನ್ನೂ ಯಜಮಾನನ ತಲೆಗೇ ಕಟ್ಟಿದರೆ, ಅವನು ಬಾಗಿಲಿನತ್ತ ಹೊರಳಿಯೂ ನೋಡಲಾರನು. ಓಲೆಕಾರನು ಕದ ತಟ್ಟಿ ನಿಂತೇ ಇರುವನು. ಉತ್ತರ ಬಾರದೆ ಅವನು ಹಿಂದಿರುಗುವಂತಿಲ್ಲ; ಅವನು ಹಿಂದಿರುಗದ ಹೊರತು ಒಡೆಯನಿಗೆ ಒಂದು ಮಾತೂ ಕೇಳಿಸುವದಿಲ್ಲ.

ಕಣ್ಣುಳ್ಳವನಿಗೂ ಇಂಥ ಸಮಯದಲ್ಲಿ ತೊಂದರೆಯಾಗುತ್ತದೆ ಎನ್ನಬಹುದು. ನಿಜ, ಆದರೆ ಎರಡು ತೊಂದರೆಗಳಲ್ಲಿ ಅಜಗಜಾಂತರವಿದೆ. ಒಂದು ಕಿಟಕಿಯು ಸುಮಾರು 5 ಸೆಕೆಂಡುಗಳ ವರೆಗೆ ಯಾವ ಸಂದೇಶವನ್ನೂ ಸ್ವೀಕರಿಸದಿದ್ದರೆ ವಿಂಡೋಸ್ ಅದು ಸ್ತಬ್ಧವಾಗಿದೆಯೆಂದು ಎಣಿಸಿ, ಅದರ ತಲೆಬರಹದ ಮುಂದೆ 'ಉತ್ತರಿಸುತ್ತಿಲ್ಲ' ಎಂಬರ್ಥದ ಮಾತನ್ನು ಬರೆಯುತ್ತದೆ. ಕಣ್ಣುಳ್ಳವನು ತಿರುಗುವ ಚಕ್ರವನ್ನೂ ಆ ಬರಹವನ್ನೂ ನೋಡಿ, 'ಇದೊಂದು ಕೆಟ್ಟಿತು' ಎಂದುಕೊಂಡು ಬೇರೆ ಕಿಟಕಿಗೆ ಹೋಗುತ್ತಾನೆ. ಅಂಧನಿಗಾದರೋ ಎಲ್ಲ ಮನೆಗಳಿಗೂ ಓಲೆಕಾರನು ಒಬ್ಬನೇ. ಅವನು ಒಂದು ಬಾಗಿಲಲ್ಲಿ ಸಿಕ್ಕಿಬಿದ್ದರೆ ಓಣಿಯೆಲ್ಲವೂ ಮೌನವಾಗುತ್ತದೆ. ಕೆಟ್ಟದ್ದು ಒಂದು ತಂತ್ರಾಂಶ. ಮೂಕವಾದದ್ದು ಇಡೀ ಯಂತ್ರ.

ಹಾಗಾದರೆ ಓಲೆಕಾರನು ತಡಮಾಡದೆ ಬಿಟ್ಟುಬರಬಾರದೇ? ಈ ಉಪಾಯವೂ ನಿರ್ಮಾತೃಗಳಿಗೆ ಹೊಳೆಯದೆ ಇಲ್ಲ. ಎನ್‌ವಿಡಿಎಯಲ್ಲಿ ಕಾವಲುಗಾರನೊಬ್ಬನನ್ನು ಇರಿಸಿದ್ದಾರೆ. ಪರದೆಯೋದುಗನ ಮುಖ್ಯ ಭಾಗವು ಹೊತ್ತು ಮೀರಿ ಎಲ್ಲಿಯಾದರೂ ನಿಂತುಹೋದರೆ, ಕಾವಲುಗಾರನು ಅದರ ಪ್ರಶ್ನೆಯನ್ನು ರದ್ದುಪಡಿಸಿ ಅದನ್ನು ಹಿಂದಕ್ಕೆ ಕರೆತರಲು ಯತ್ನಿಸುತ್ತಾನೆ. ಆದರೆ ಎಲ್ಲ ಪ್ರಶ್ನೆಗಳೂ ರದ್ದಾಗತಕ್ಕವಲ್ಲ. ಅಲ್ಲದೆ ಅವಸರವೂ ಅಪಾಯಕರವೇ. ನಿಧಾನಿಯಾದ ತಂತ್ರಾಂಶವನ್ನು ಸತ್ತದ್ದೆಂದು ತಿಳಿದು ಬೇಗನೆ ಬಿಟ್ಟುಬಂದರೆ, ಪರದೆಯ ಮೇಲೆ ಇದ್ದದ್ದನ್ನು ಇಲ್ಲವೆಂದು ಹೇಳಿದಂತಾದೀತು. ಹಣದ ಮೊತ್ತವನ್ನು ಓದುವಾಗ ಅರ್ಧ ಉತ್ತರಕ್ಕಿಂತ ಮೌನವೇ ಮೇಲು. ಎಷ್ಟು ಹೊತ್ತು ಕಾಯಬೇಕು, ಯಾವಾಗ ಕೈಬಿಡಬೇಕು ಎಂಬ ಈ ತೊಡಕನ್ನು ಪರದೆಯೋದುಗನು ತಾನೊಬ್ಬನೇ ಪೂರ್ತಿಯಾಗಿ ಬಿಡಿಸಲಾರನು.

ಕಲಘಟಗಿಯಂಥ ಊರಲ್ಲಿ

ಹುಬ್ಬಳ್ಳಿಯಿಂದ ಸುಮಾರು 30 ಕಿಲೋಮೀಟರು ದೂರದ ಕಲಘಟಗಿಯಂಥ ತಾಲೂಕಿನಲ್ಲಿ ಈ ವಿಷಯಕ್ಕೇನು ಮಹತ್ವವೆಂದು ಕೆಲವರು ಕೇಳಬಹುದು. ಮಹತ್ವವು ಇಂಥಲ್ಲಿಯೇ ಹೆಚ್ಚು. ಪಹಣಿ ಪತ್ರಿಕೆ, ವಿದ್ಯಾರ್ಥಿವೇತನ, ಅಂಗವಿಕಲರ ಗುರುತಿನ ಚೀಟಿ, ಪರೀಕ್ಷೆಯ ಶುಲ್ಕ, ನೌಕರಿಯ ಅರ್ಜಿ ಇವೆಲ್ಲವೂ ಈಗ ಜಾಲತಾಣಗಳ ಮೂಲಕ ನಡೆಯುತ್ತವೆ. ಹಳ್ಳಿಯ ಮನೆಯಲ್ಲಿರುವ ಯಂತ್ರವು ಹಲವೊಮ್ಮೆ ಯಾರೋ ಬಳಸಿ ಬಿಟ್ಟ ಹಳೆಯದು. ಜಾಲದ ಸಂಪರ್ಕವು ಮಳೆಗಾಲದ ಬಿಸಿಲಿನಂತೆ ಬಂದು ಹೋಗುವಂಥದು. ಯಂತ್ರವು ಹಳೆಯದಾದಷ್ಟು, ಸಂಪರ್ಕವು ನಿಧಾನವಾದಷ್ಟು, ಯಜಮಾನನು ಕೆಲಸದಲ್ಲಿ ಸಿಕ್ಕಿಕೊಳ್ಳುವದು ಹೆಚ್ಚು. ಓಲೆಕಾರನು ಕಾಯುವದೂ ಹೆಚ್ಚು.

ಅರ್ಜಿಯ ಕೊನೆಯ ದಿನ. ಅಂಧ ವಿದ್ಯಾರ್ಥಿಯು ಹೆಸರು, ವಿಳಾಸ, ಅಂಕಗಳನ್ನೆಲ್ಲ ತುಂಬಿ ಹಣ ಕಟ್ಟುವ ಗುಂಡಿಯನ್ನು ಒತ್ತುತ್ತಾನೆ. ಒತ್ತಿದ ಮೇಲೆ ಮೌನ. ಹಣವು ಹೋಯಿತೇ, ಇಲ್ಲವೇ? ಮತ್ತೊಮ್ಮೆ ಒತ್ತಿದರೆ ಎರಡು ಸಲ ಹೋದೀತೇ? ಮೊಬೈಲಿಗೆ ಬಂದ ಗುಟ್ಟಿನ ಅಂಕಿಯ ಅವಧಿಯು ಅಷ್ಟರಲ್ಲಿ ಮುಗಿಯುತ್ತದೆ. ಆಗ ಅವನು ಒಳಗಿನಿಂದ ಯಾರನ್ನಾದರೂ ಕರೆಯಬೇಕು. ಕರೆದವರು ಮನೆಯಲ್ಲಿಲ್ಲದಿದ್ದರೆ ನೆರೆಯವರನ್ನು ಕರೆಯಬೇಕು. ನೆರೆಯವರಿಗೆ ತನ್ನ ಬ್ಯಾಂಕಿನ ಲೆಕ್ಕವನ್ನು ತೋರಿಸಬೇಕು. ತಾನೇ ಮಾಡಿಕೊಳ್ಳುವೆನೆಂಬ ಅವನ ಅಭಿಮಾನವು ಎರಡು ನಿಮಿಷಗಳ ಮೌನದಲ್ಲಿ ಕರಗಿಹೋಗುತ್ತದೆ. 2011ರ ಜನಗಣತಿಯ ಮೇರೆಗೆ ನಮ್ಮ ದೇಶದಲ್ಲಿ ದೃಷ್ಟಿಯ ಊನವುಳ್ಳವರು 50 ಲಕ್ಷಕ್ಕೂ ಮಿಕ್ಕಿದ್ದರು. ಅವರಲ್ಲಿ ಯಂತ್ರವನ್ನು ಮುಟ್ಟಿದವರಿಗೆಲ್ಲ ಈ ಮೌನವು ಒಂದಿಲ್ಲೊಂದು ದಿನ ಎದುರಾಗತಕ್ಕದ್ದೇ.

ನಮ್ಮ ಭಾಗದ ಜನರಿಗೆ ಅಂಧರ ಶಕ್ತಿಯು ಅಪರಿಚಿತವಾದದ್ದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892-1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914-2010) ತಾವು ಅಂಧರಾಗಿದ್ದು ಅಸಂಖ್ಯ ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿ, ಅವರನ್ನು ತಮ್ಮ ಕಾಲ ಮೇಲೆ ನಿಲ್ಲಿಸಿದರು. ಕಿವಿಯೊಂದೇ ದಾರಿಯಾದಾಗಲೂ ಮನುಷ್ಯನು ಎಷ್ಟು ಎತ್ತರಕ್ಕೆ ಏರಬಲ್ಲನೆಂಬದನ್ನು ಅವರು ತೋರಿಸಿಕೊಟ್ಟರು. ಪರದೆಯೋದುಗನು ತೆರೆದದ್ದೂ ಕಿವಿಯ ದಾರಿಯನ್ನೇ. ಅದು ನಡುವೆ ಕಡಿಯದಂತೆ ನೋಡಿಕೊಳ್ಳುವದು ಉಳಿದವರ ಹೊಣೆ.

ಮನೆಯವರು ಮಾಡತಕ್ಕದ್ದು

ಮೊದಲನೆಯದಾಗಿ, ಯಂತ್ರವು ಮೂಕವಾದ ಕೂಡಲೆ ಅದರ ವಿದ್ಯುತ್ತನ್ನು ಕಡಿಯಬಾರದು. ಬಹಳ ಸಲ ಯಜಮಾನನು ಕೆಲಸ ಮುಗಿಸಿ ಬಂದು ಉತ್ತರ ಕೊಡುತ್ತಾನೆ. ಅರ್ಧ ನಿಮಿಷದ ತಾಳ್ಮೆಯು ಅರ್ಧ ತಾಸಿನ ಬರವಣಿಗೆಯನ್ನು ಉಳಿಸುತ್ತದೆ. ಮಾತು ನಿಂತಾಗ ಕೀಲಿಗಳನ್ನು ಮೇಲಿಂದ ಮೇಲೆ ಒತ್ತುವದೂ ಸಲ್ಲದು; ಒತ್ತಿದವೆಲ್ಲ ಸಾಲಾಗಿ ನಿಂತು, ಯಂತ್ರವು ಎಚ್ಚತ್ತ ಮೇಲೆ ಒಮ್ಮೆಲೆ ಕೆಲಸ ಮಾಡಿ ಅನರ್ಥವನ್ನುಂಟುಮಾಡುವವು.

ಎರಡನೆಯದಾಗಿ, ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಕೂಡಿ ಒತ್ತಿ ಬೇರೆ ಕಿಟಕಿಗೆ ಹೋಗಿ ನೋಡಬೇಕು. ಅಲ್ಲಿ ಮಾತು ಮರಳಿದರೆ ರೋಗವು ಹಿಂದಿನ ತಂತ್ರಾಂಶದ್ದೆಂದು ನಿಶ್ಚಯವಾಗುತ್ತದೆ. ಮರಳದಿದ್ದರೆ ಎನ್‌ವಿಡಿಎ ಬಳಸುವವರು ಕಂಟ್ರೋಲ್, ಆಲ್ಟ್, ಎನ್ ಈ ಮೂರನ್ನು ಕೂಡಿ ಒತ್ತಿ ಅದನ್ನು ಹೊಸದಾಗಿ ಎಬ್ಬಿಸಬಹುದು. ಅದೂ ಏಳದಿದ್ದರೆ ಈಗಿನ ವಿಂಡೋಸಿನಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳಿಂದ 'ನ್ಯಾರೇಟರ್' ಎಂಬ ಇನ್ನೊಬ್ಬ ಓದುಗನನ್ನು ಕರೆಯಬಹುದು. ಒಬ್ಬ ಓಲೆಕಾರನು ಸಿಕ್ಕಿಬಿದ್ದಾಗ ಇನ್ನೊಬ್ಬನಿರುವದು ಅಪತ್ಕಾಲಕ್ಕೆ ಒಳ್ಳೆಯದು. ಬರೆದುದನ್ನು ಆಗಾಗ ಉಳಿಸುವ ರೂಢಿಯಂತೂ ಎಲ್ಲರಿಗೂ ಹಿತಕರವಾದದ್ದು.

ಮೂರನೆಯದು ಎಲ್ಲಕ್ಕೂ ಮುಖ್ಯವಾದದ್ದು. ಸಹಾಯಕ್ಕೆ ಕರೆದಾಗ 'ಸರಿ, ನಾನೇ ಮಾಡಿಬಿಡುತ್ತೇನೆ' ಎಂದು ಯಂತ್ರವನ್ನು ಕಸಿದುಕೊಳ್ಳಬಾರದು. ಪರದೆಯ ಮೇಲೆ ಏನು ಕಾಣುತ್ತದೆಂಬದನ್ನು ಇದ್ದದ್ದಿದ್ದಂತೆ ಹೇಳಿದರೆ ಸಾಕು: 'ಚಕ್ರ ತಿರುಗುತ್ತಿದೆ', 'ಹಣ ಸಂದಿತೆಂದು ಬರೆದಿದೆ', 'ಈ ಕಿಟಕಿ ಉತ್ತರಿಸುತ್ತಿಲ್ಲ'. ಮುಂದಿನದನ್ನು ಅವರೇ ಮಾಡಿಕೊಳ್ಳುವರು. ಆ ಹೊತ್ತಿಗೆ ಅವರಿಗೆ ಬೇಕಾದದ್ದು ಎರವಲು ಕಣ್ಣು, ಎರವಲು ಕೈಯಲ್ಲ.

ತಪ್ಪು ಯಾರದು?

ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿನಲ್ಲೆಲ್ಲ ಹೆಸರಾದವು. ಆ ತೊಟ್ಟಿಲು ಎಷ್ಟು ಭದ್ರವಾಗಿದ್ದರೂ ಅದನ್ನು ತೂಗುಹಾಕಿದ ಜಂತಿಯು ಹುಳು ತಿಂದದ್ದಾಗಿದ್ದರೆ ಕೂಸು ಕೆಳಗೆ ಬೀಳದೆ ಇರದು. ಆಗ ತೊಟ್ಟಿಲು ಮಾಡಿದ ಬಡಿಗನನ್ನು ಬಯ್ಯುವದು ನ್ಯಾಯವಲ್ಲ. ಪರದೆಯೋದುಗನು ಮೂಕನಾದಾಗ ನಾವು ಬಯ್ಯುವದು ಸಾಮಾನ್ಯವಾಗಿ ಅವನನ್ನೇ. ಅವನಲ್ಲಿಯೂ ಕುಂದುಗಳಿರಬಹುದು, ಆದರೆ ಉತ್ತರ ಕೊಡದ ಮನೆಯ ಯಜಮಾನನನ್ನು ಕೇಳುವವರೇ ಇಲ್ಲ. ಅರ್ಜಿಯ ತಾಣವನ್ನಾಗಲಿ ಲೆಕ್ಕದ ತಂತ್ರಾಂಶವನ್ನಾಗಲಿ ರಚಿಸುವವರು ಅದನ್ನು ಪರದೆಯೋದುಗನೊಡನೆ ಒಮ್ಮೆ, ಅದರಲ್ಲಿಯೂ ಹಳೆಯ ಯಂತ್ರ ಮತ್ತು ನಿಧಾನದ ಸಂಪರ್ಕಗಳಲ್ಲಿ, ಪರೀಕ್ಷಿಸಿದರೆ ಅರ್ಧ ತೊಂದರೆಯು ಹುಟ್ಟುವ ಮೊದಲೇ ಅಳಿಯುವದು.

ಇದು ಕೇವಲ ದಯೆಯ ಮಾತಾಗಿ ಉಳಿದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, ಮಾಹಿತಿ ತಂತ್ರಜ್ಞಾನವು ಅಂಗವಿಕಲರ ಕೈಗೂ ಎಟುಕುವಂತಿರಬೇಕೆಂದು ವಿಧಿಸುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ತೀರ್ಪಿತ್ತಿತು. ಆದಕಾರಣ ಯಂತ್ರವು ಮೂಕವಾದ ದಿನ, ವೇಳೆ ಹಾಗು ಆಗ ತೆರೆದಿದ್ದ ತಂತ್ರಾಂಶದ ಹೆಸರನ್ನು ಬರೆದಿಟ್ಟು, ಆ ತಂತ್ರಾಂಶದವರಿಗೂ ಪರದೆಯೋದುಗನ ನಿರ್ಮಾತೃಗಳಿಗೂ ತಿಳಿಸಬೇಕು. ಅಂಧರು ಬರೆದರೆ ಅದು ದೂರೆನಿಸುವದು. ಅವರೊಡನೆ ಕಣ್ಣುಳ್ಳವರೂ ಬರೆದರೆ ಅದು ಸಮಾಜದ ಕೇಳಿಕೆಯೆನಿಸುವದು. ಬಾಗಿಲು ತಟ್ಟಿದವನಿಗೆ ಉತ್ತರ ಕೊಡಬೇಕೆಂಬದು ನಮ್ಮ ಮನೆಗಳ ಹಳೆಯ ರೀತಿ. ಅದನ್ನು ಯಂತ್ರಗಳಿಗೂ ಕಲಿಸೋಣ.