ಒಂದು ಎಸರು, ಎರಡು ಅಡುಗೆ

ಮಂಡ್ಯ, ಮದ್ದೂರು, ನಾಗಮಂಗಲದ ಕಡೆ ಸಂಜೆ ಹೊತ್ತಲ್ಲಿ ಇಬ್ಬರು ಹೆಂಗಸರು ನಲ್ಲಿಯ ಹತ್ತಿರ ಎದುರಾದರೆ ಕೇಳಿಕೊಳ್ಳುವ ಮಾತು ಒಂದೇ: "ಏನ್ ಸಾರಕ್ಕ?" ಮುದ್ದೆ ಹೇಗೂ ಇದ್ದೇ ಇರುತ್ತದೆ, ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. "ಬಸ್ಸಾರು ಕಣವ್ವ." "ಹುಳ್ಳಿಕಾಳು." ಇನ್ನು ಕೆಲವರ ಉತ್ತರ, "ಏನಿಲ್ಲ, ಉಪ್ಸಾರು." ಬಾಡಿನ ಸಾರಾಗಿದ್ದರೆ ಈ "ಏನಿಲ್ಲ" ಬರುತ್ತಿರಲಿಲ್ಲ. ವಾರದ ಏಳು ರಾತ್ರಿಗಳಲ್ಲಿ ಐದಾರು ರಾತ್ರಿ ಈ ಸೀಮೆಯ ಮನೆಗಳನ್ನು ಸಾಕುವುದು ಆ "ಏನಿಲ್ಲ" ಎಂಬ ಅಡುಗೆಯೇ. ಈ ಅಧ್ಯಾಯ ಅದರ ಬಗ್ಗೆ.

ಬಸ್ಸಾರು, ಉಪ್ಸಾರು, ಮಸ್ಸೊಪ್ಪು. ಮೂರರ ಹೆಸರಲ್ಲೂ ಯಾವ ಸೊಪ್ಪು, ಯಾವ ಕಾಳು ಎಂಬುದಿಲ್ಲ. ಬಸಿದರೆ ಬಸ್ಸಾರು, ಮಸೆದರೆ ಮಸ್ಸೊಪ್ಪು, ಬರೀ ಉಪ್ಪು ಹಾಕಿ ಇಳಿಸಿದರೆ ಉಪ್ಸಾರು. ಕೈ ಏನು ಮಾಡಿತು ಎಂಬುದಷ್ಟೇ ಹೆಸರು. ಹಾಗಾಗಿ ಸಂತೆಯಲ್ಲಿ ದಂಟು ಸಿಕ್ಕಿದರೆ ದಂಟು, ಸಬ್ಬಸಿಗೆ ಸಿಕ್ಕಿದರೆ ಸಬ್ಬಸಿಗೆ, ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಎದ್ದ ಅಣ್ಣೆ ಸೊಪ್ಪು, ಹೊನಗೊನ್ನೆ ಎಲ್ಲವನ್ನೂ ಸೇರಿಸಿ ಕಿತ್ತ ಬೆರಕೆ ಸೊಪ್ಪು ಕೂಡ ಒಳಗೆ ಹೋಗುತ್ತದೆ. ಅಡುಗೆಯ ಪುಸ್ತಕಗಳು ಪದಾರ್ಥದ ಪಟ್ಟಿಯಿಂದ ಶುರುವಾಗುತ್ತವೆ. ಈ ಅಡುಗೆ ಶುರುವಾಗುವುದು ಎಸರಿನಿಂದ. ಒಲೆಯ ಮೇಲೆ ನೀರಿಟ್ಟು, ಆಮೇಲೆ ಮನೆಯಲ್ಲಿ ಏನಿದೆ ಎಂದು ನೋಡುವುದು.

ಬಸ್ಸಾರಿನ ಬಗೆ ಹೀಗೆ. ನಾಲ್ಕು ಜನಕ್ಕೆ ಒಂದು ಲೋಟ ಅಲಸಂದೆಯನ್ನೋ ಹೆಸರುಕಾಳನ್ನೋ ಬೆಳಿಗ್ಗೆಯೇ ನೆನೆಹಾಕಿರಬೇಕು. ಮರೆತಿದ್ದರೆ ತೊಗರಿಬೇಳೆಯೂ ಆದೀತು. ಆರೇಳು ಲೋಟ ನೀರಿನಲ್ಲಿ ಕಾಳು ಬೇಯಬೇಕು, ಆದರೆ ಒಡೆಯಬಾರದು. ಅದು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಎರಡು ಕಟ್ಟು ಸೊಪ್ಪು, ಉಪ್ಪು. ಸೊಪ್ಪು ಬಾಡಿ ಬೆಂದ ಕೂಡಲೇ ಪಾತ್ರೆಗೆ ತಟ್ಟೆ ಅಡ್ಡ ಹಿಡಿದು ಬಗ್ಗಿಸಿ ನೀರು ಬಸಿಯಬೇಕು. ಆ ನೀರಿಗೂ ಕಟ್ಟು ಎಂದೇ ಹೆಸರು. (ಸೊಪ್ಪಿನ ಕಟ್ಟು ಬೇರೆ, ಬಸಿದ ಕಟ್ಟು ಬೇರೆ. ಸೊಸೆಯಾಗಿ ಹೊಸದಾಗಿ ಬಂದವರು ಇದರಲ್ಲಿ ಒಮ್ಮೆ ಎಡವಿಯೇ ಇರುತ್ತಾರೆ.) ಈಗ ಒಂದೇ ಎಸರಿನಿಂದ ಎರಡು ದಾರಿ. ಪಾತ್ರೆಯಲ್ಲಿ ಉಳಿದ ಸೊಪ್ಪು-ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಬಿದ್ದು ಮೇಲೆ ಕಾಯಿತುರಿ ಉದುರಿದರೆ ಪಲ್ಯ. ಇನ್ನೊಂದು ಕಡೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು, ಕಾಯಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಬೆಂದ ಸೊಪ್ಪು-ಕಾಳು ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಆ ಒಂದು ಹಿಡಿ ಬಿಟ್ಟರೆ ಸಾರು ತೆಳ್ಳಗೆ ನೀರಾಗಿ ಮುದ್ದೆಯಿಂದ ಜಾರಿಹೋಗುತ್ತದೆ. ಹೋಟೆಲಿನ ಬಸ್ಸಾರು ಎಷ್ಟೋ ಸಲ ಸೋಲುವುದು ಇಲ್ಲೇ ಎಂದು ನನ್ನ ಅನುಮಾನ.

ಬಸಿದ ನೀರನ್ನು ಚೆಲ್ಲದೆ ಸಾರು ಮಾಡುವುದರಲ್ಲಿ ಜಿಪುಣತನದ ಜೊತೆಗೆ ಲೆಕ್ಕವೂ ಇದೆ. ಸೊಪ್ಪು ಬೇಯುವಾಗ ಅದರಲ್ಲಿರುವ ಫೋಲೇಟ್, ಪೊಟ್ಯಾಸಿಯಮ್, ಸಿ ಜೀವಸತ್ವ ನೀರಿಗೆ ಇಳಿಯುತ್ತವೆ. ಸಿ ಜೀವಸತ್ವದಲ್ಲಿ ಒಂದಷ್ಟು ಕಾವಿಗೇ ಹಾಳಾಗುತ್ತದೆ, ಅದನ್ನು ಉಳಿಸಲಾಗದು. ಮಿಕ್ಕದ್ದು ಕಟ್ಟಿನಲ್ಲೇ ಇರುತ್ತದೆ, ತಟ್ಟೆಗೆ ವಾಪಸು ಬರುತ್ತದೆ. ಆದರೆ ಒಳ್ಳೆಯದು ಇಳಿಯುವ ಹಾಗೆ ಆಕ್ಸಲೇಟ್ ಕೂಡ ಅದೇ ನೀರಿಗೆ ಇಳಿಯುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದು, ಆಕ್ಸಲೇಟ್ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ ಪಾಲಕ್, ದಂಟಿನ ಬಸ್ಸಾರು ಅವರಿಗಲ್ಲ. ಅವರು ಆ ನೀರನ್ನು ಚೆಲ್ಲಿ ಪಲ್ಯವನ್ನಷ್ಟೇ ತಿನ್ನುವುದು ಮೇಲು.

ಹಬ್ಬದ ದಿನವೂ ಇದೇ ಉಪಾಯ. ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ಕಟ್ಟೇ ಒಬ್ಬಟ್ಟಿನ ಸಾರು, ಉತ್ತರ ಕರ್ನಾಟಕದವರ ಕಟ್ಟಿನ ಸಾರು. ಒಬ್ಬಟ್ಟನ್ನು ಹೊಗಳಿ ಉಂಡವರು ಮರುದಿನ ಬೆಳಿಗ್ಗೆ ಹುಡುಕುವುದು ಮಾತ್ರ ಆ ಸಾರನ್ನು.

ಉಪ್ಸಾರು ಇನ್ನೂ ಸರಳ. ಕಟ್ಟಿಗೆ ಉಪ್ಪು ಬಿಟ್ಟು ಏನೂ ಇಲ್ಲ, ಒಗ್ಗರಣೆಯೂ ಇಲ್ಲ. ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಸುಟ್ಟ ಇಲ್ಲವೇ ಹುರಿದ ಮೆಣಸಿನಕಾಯಿಯನ್ನು ಉಪ್ಪಿನ ಜೊತೆ ನುಣ್ಣಗೆ ಅರೆದ ಖಾರ ಪಕ್ಕದಲ್ಲಿರುತ್ತದೆ. ಉಣ್ಣುವವರು ತಟ್ಟೆಯಲ್ಲಿ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮೂರು ವರ್ಷದ ಮಗುವಿಗೆ ಬರೀ ಕಟ್ಟು ಮತ್ತು ತುಪ್ಪ, ಅಜ್ಜನಿಗೆ ಚಿಟಿಕೆ ಖಾರ, ಗದ್ದೆಯಿಂದ ಬಂದವನಿಗೆ ಕಣ್ಣಲ್ಲಿ ನೀರು ಬರುವಷ್ಟು. ಒಂದೇ ಪಾತ್ರೆಯಿಂದ ಮೂರು ನಾಲಿಗೆಗೆ ಬಡಿಸುವುದು ಹೇಗೆ ಎಂದು ಇಂದಿನ ಮನೆಗಳಲ್ಲಿ ಸಂಜೆ ಹೊತ್ತು ನಡೆಯುವ ಜಗಳಕ್ಕೆ ಇದಕ್ಕಿಂತ ಒಳ್ಳೆಯ ರಾಜಿಯನ್ನು ನಾನು ಕಂಡಿಲ್ಲ. ಒಮ್ಮೆ ಅರೆದ ಖಾರ ಫ್ರಿಜ್ಜಿನಲ್ಲಿ ವಾರ ಉಳಿಯುತ್ತದೆ. ಕೆಲಸ ಮುಗಿಸಿ ಎಂಟು ಗಂಟೆಗೆ ಮನೆ ಸೇರುವವರಿಗೆ ಉಳಿದ ಕೆಲಸ ಕಾಳು ಬೇಯಿಸುವುದು ಮಾತ್ರ.

ಮಸ್ಸೊಪ್ಪಿಗೆ ಬಸಿಯುವ ರಗಳೆಯೂ ಇಲ್ಲ. ಬೇಳೆ, ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಒಟ್ಟಿಗೆ ಬೆಂದು, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಆಯಿತು. ಮಿಕ್ಸಿಗೆ ಹಾಕಿದರೆ ಅಂಟಂಟಾಗಿ ಸೊಪ್ಪಿನ ಗೊಜ್ಜಾಗುತ್ತದೆ, ಮರದ ಕೋಲಿನಲ್ಲೇ ಮಸೆಯಬೇಕು.

ಕುಕ್ಕರ್ ಬಂದ ಮೇಲೆ ಈ ಅಡುಗೆಗೆ ಅನುಕೂಲವೂ ಆಯಿತು, ಕೇಡೂ ಆಯಿತು. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ಗೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿದುಬಿಡುತ್ತದೆ, ಅದಕ್ಕಿಂತ ಬಿಸಿಯಾಗದು. ತೆರೆದ ಪಾತ್ರೆಯಲ್ಲಿ ಹುರುಳಿಕಾಳು ಬೇಯದೆ ಸತಾಯಿಸುವುದಕ್ಕೆ ಇದೂ ಒಂದು ಕಾರಣ. ಕುಕ್ಕರಿನೊಳಗೆ ಒತ್ತಡದಿಂದ ಕಾವು 120 ಡಿಗ್ರಿಯವರೆಗೆ ಏರುವುದರಿಂದ ಕಾಳು ಬೇಗ ಮೆತ್ತಗಾಗುತ್ತದೆ. ಅದೇ ಕಾವಿನಲ್ಲಿ ಸೊಪ್ಪು ಲೋಳೆಯಾಗಿ, ಬಣ್ಣ ಕೆಟ್ಟು, ಪಲ್ಯಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಕಾಳಿಗೆ ಎರಡು ಸೀಟಿ ಕೂಗಿಸಿ, ಮುಚ್ಚಳ ತೆಗೆದು, ಆಮೇಲೆ ಸೊಪ್ಪು ಹಾಕಿ ತೆರೆದೇ ಬೇಯಿಸುವುದು ಸರಿ. ಹತ್ತು ನಿಮಿಷ ಹೆಚ್ಚು ಹಿಡಿದೀತು, ಹಿಡಿಯಲಿ.

ಇನ್ನು ಮುದ್ದೆ. ಹಳ್ಳಿಯಲ್ಲಿ ಅದಕ್ಕೆ ಹಿಟ್ಟು ಎಂದೇ ಹೆಸರು. "ಹಿಟ್ಟುಂಡ್ಯಾ?" ಎಂದರೆ ಊಟ ಆಯಿತೇ ಎಂದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ರಾಗಿಯಲ್ಲಿಲ್ಲ, ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರಿನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಡೆದಾಗ ಆ ಪಿಷ್ಟವೇ ಅಂಟಾಗುತ್ತದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಅದರಲ್ಲಿ ಮೊದಲು ಒಂದು ಚಮಚ ಹಿಟ್ಟು ಕದಡಿ ಕುದಿಸುವುದು, ಮಿಕ್ಕ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ಬೇಯಲು ಬಿಡುವುದು. ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಮುದ್ದೆ ಕೋಲಿನಲ್ಲಿ ತೊಳಸುವುದು. ತೊಳಸುವ ತೋಳಿನ ಬಲ ಕಮ್ಮಿಯಾದರೆ ನಡುವೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಗಂಟಿರುವ ಮುದ್ದೆ ಬಡಿಸಿದವರನ್ನು ಊರು ಬಹಳ ದಿನ ನೆನಪಿಟ್ಟುಕೊಳ್ಳುತ್ತದೆ!

ನಗರದ ಮನೆಗಳಲ್ಲಿ ಮುದ್ದೆ ರಾತ್ರಿಯ ಊಟವಾಗಿ ಉಳಿದುಕೊಂಡದ್ದಕ್ಕೆ ಕಾರಣ ಡಬ್ಬಿ ಎಂದು ನನಗನಿಸುತ್ತದೆ. ಅನ್ನ, ಚಪಾತಿ ಡಬ್ಬಿಯಲ್ಲಿ ಆಫೀಸಿಗೆ ಹೋಗುತ್ತವೆ. ಮುದ್ದೆ ಬಿಸಿಯಲ್ಲೇ ಉಣ್ಣಬೇಕು, ಆರಿದರೆ ಗಟ್ಟಿಯಾಗಿ ಬಿರಿಯುತ್ತದೆ. ಎಲ್ಲರೂ ಮನೆಯಲ್ಲಿರುವ ಹೊತ್ತು ರಾತ್ರಿ ಮಾತ್ರ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಇದನ್ನು ಕೇಳಿ ರಾಗಿಯನ್ನು ಮದ್ದು ಮಾಡಿಬಿಡುವವರಿದ್ದಾರೆ. ರಾಗಿಯಲ್ಲಿರುವ ಫೈಟೇಟ್ ಆ ಸುಣ್ಣವನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಪೂರ್ತಿ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲುತ್ತದೆ, ಊಟದ ಜೊತೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಹೀರಲು ಅನುಕೂಲ. ಉಂಡ ಕೂಡಲೇ ಕಾಫಿ-ಟೀ ಕುಡಿದರೆ ಅದಕ್ಕೆ ಅಡ್ಡಿ. "ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟು ತಿಂದರೂ ಆಗುತ್ತೆ" ಎನ್ನುವುದಂತೂ ಸುಳ್ಳು. ನೂರು ಗ್ರಾಂ ರಾಗಿಯಲ್ಲಿ 70 ಗ್ರಾಂ ಹತ್ತಿರ ಶರ್ಕರಪಿಷ್ಟವೇ ಇದೆ. ಮುದ್ದೆ ಚಿಕ್ಕದಾಗಿ, ಪಕ್ಕದ ಸೊಪ್ಪು-ಕಾಳು ದೊಡ್ಡದಾದರೆ ಮಾತು ಬೇರೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಮ್ಮಿ, ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಮ್ಮಿಯಿರುವ ಮೆಥಿಯೋನಿನ್ ರಾಗಿಯಲ್ಲಿದೆ. ಹೀಗೆ ಮುದ್ದೆ ಮತ್ತು ಕಾಳಿನ ಸಾರು ಒಂದರ ಕೊರತೆಯನ್ನು ಒಂದು ತುಂಬುತ್ತವೆ.

ಈ ರಾಗಿಯ ಹಿಂದೆ ಒಬ್ಬರ ಬದುಕೂ ಇದೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ದುಡಿದು, 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ಇಳುವರಿ ಏರಿತು, ತೆನೆ ತುಂಬಿತು. ತಟ್ಟೆಯಲ್ಲಿರುವ ಮುದ್ದೆಗೆ ಎರಡು ಖಂಡಗಳ ನಂಟಿದೆ ಎಂಬುದು ಉಣ್ಣುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಮಾಂಸದ ಮಾತಿಗೆ ಬರೋಣ. ಮಾಂಸವಿಲ್ಲದ ಊಟವನ್ನು ಬದಲಿ ಊಟ ಎಂದು ಕರೆಯುವುದು ಈ ಸೀಮೆಗೆ ಒಗ್ಗದ ಮಾತು. ಇಲ್ಲಿ ದಿನದ ಅಡುಗೆ ಸೊಪ್ಪು-ಕಾಳಿನದೇ. ಬಾಡು ಬರುವುದು ಭಾನುವಾರ, ನೆಂಟರು ಬಂದಾಗ, ಪಿತೃಪಕ್ಷದಲ್ಲಿ, ಯುಗಾದಿಯ ಮರುದಿನದ ವರ್ಸತೊಡಕಿಗೆ. ಆ ದಿನ ಊರವರು ಸೇರಿ ಮರಿ ಕಡಿದು, ಎಲುಬು, ಕೊಬ್ಬು, ಈಲಿ ಎಲ್ಲ ಸಮನಾಗಿ ಬರುವ ಹಾಗೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅದೇ ಗುಡ್ಡೆ ಬಾಡು. ಸೋಮವಾರ ಶಿವನಿಗೆ, ಶನಿವಾರ ತಿಮ್ಮಪ್ಪನಿಗೆ ಎಂದು ತಿನ್ನದವರು ಬಹಳ, ಶ್ರಾವಣದಲ್ಲಿ ತಿಂಗಳಿಡೀ ಬಿಡುವವರೂ ಇದ್ದಾರೆ.

ಬಾಡು ಬಂದ ದಿನವೂ ಒಲೆಯ ಮೇಲೆ ಇರುವುದು ಅದೇ ಎಸರು, ಪಕ್ಕದಲ್ಲಿ ಅದೇ ಮುದ್ದೆ. ಮಸಾಲೆಗೆ ಕೊತ್ತಂಬರಿ, ಚಕ್ಕೆ-ಲವಂಗ, ಗಸಗಸೆ ಸೇರುತ್ತವೆ, ಅಷ್ಟೇ. ಅರ್ಧ ಕೆ.ಜಿ. ಬಾಡು ಆರು ಜನಕ್ಕೆ ಸಾಲಬೇಕಾದರೆ ಕಾಳು ಸಹಾಯಕ್ಕೆ ಬರುತ್ತದೆ. ಚಳಿಗಾಲದಲ್ಲಿ ಇಬ್ಬನಿ ಬಿದ್ದು ಅವರೆ ಸೊಗಡೇರಿದಾಗ ಹಿತಕಿದ ಬೇಳೆಯ ಜೊತೆ ಬೆಂದ ಕುರಿಮಾಂಸಕ್ಕೆ ಸಾಟಿಯಿಲ್ಲ. (ಅವರೆಕಾಳು ನೆನೆಹಾಕಿ, ಟಿ.ವಿ. ಮುಂದೆ ಕೂತು, ಮನೆಮಂದಿಯೆಲ್ಲ ಒಂದೊಂದಾಗಿ ಹಿತಕುವ ಕೆಲಸದಲ್ಲಿ ಗಂಡಸರೂ ಕೈ ಹಾಕುವುದನ್ನು ನೋಡಬಹುದು.) ಅದೇ ಹಿತಕಿದ ಬೇಳೆಗೆ ಬಾಡು ಹಾಕದಿದ್ದರೂ ಸಾರು ಪೂರ್ತಿಯೇ. ಕೈಮ ಉಂಡೆ ಸಾರಿಗೆ ಜೋಡಿಯಾಗಿ ಬೇಳೆ ಉಂಡೆ ಸಾರು ಇದೆ, ಎರಡೂ ಕುದಿಯುವ ಸಾರಿನಲ್ಲೇ ಬೇಯುವಂಥವು. ಎರಡರ ನಡುವೆ ಮೊಟ್ಟೆ ಸಾರು: ಕುದಿಯುವ ಮಸಾಲೆಗೆ ಮೊಟ್ಟೆ ಒಡೆದು ಬಿಟ್ಟು ಕಲಕದೆ ಮುಚ್ಚಿಟ್ಟರೆ ಐದು ನಿಮಿಷ. ಒಣಮೀನು ಹಾಕಿದ ಬದನೆಕಾಯಿ ಸಾರಿದೆ, ಮೀನಿಲ್ಲದೆ ಬದನೆಕಾಯಿಯದೂ ಇದೆ. ಮಳೆಗಾಲದಲ್ಲಿ ಹುತ್ತದ ಮಗ್ಗುಲಲ್ಲಿ ಏಳುವ ಅಣಬೆಯ ಸಾರನ್ನು ಬಾಡು ತಿನ್ನುವವರೂ ತಿನ್ನದವರೂ ಒಂದೇ ಆಸೆಯಿಂದ ಉಣ್ಣುತ್ತಾರೆ. ಗುರುತು ಬಲ್ಲವರು ಕಿತ್ತದ್ದಾಗಿರಬೇಕು, ಅಷ್ಟು ಎಚ್ಚರ ಇರಲಿ.

ಹಳೆಯ ಗ್ರಂಥಗಳಲ್ಲಿ ಈ ಊಟವನ್ನು ಹುಡುಕಿದರೆ ನಿರಾಸೆಯಾಗುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯ ಅಧ್ಯಾಯವೇ ಇದೆ, ಮಾಂಸವಿಲ್ಲದ್ದು. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಮಾಂಸದ ಬಗೆಗಳನ್ನು ವಿವರವಾಗಿ ಹೇಳುತ್ತದೆ, ಹೊಲದ ಇಲಿಯನ್ನೂ ಬಿಟ್ಟಿಲ್ಲ. 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಮತ್ತೆ ಸಸ್ಯಾಹಾರದ ಕಡೆಗೆ. ಒಕ್ಕಲ ಮನೆಯ ರಾತ್ರಿಯ ಸಾರು ಇವರ ಕಣ್ಣಿಗೆ ಬಿದ್ದಿರಲಾರದು. ಅದನ್ನು ಉಣ್ಣುವವರೂ "ಏನಿಲ್ಲ" ಎನ್ನುತ್ತಿದ್ದರೋ ಏನೋ.

ಉತ್ತರದ ಜೋಳದ ಸೀಮೆಯಲ್ಲಿ ಲೆಕ್ಕ ಬೇರೆ. ರೊಟ್ಟಿ ಆರಿದರೂ ಕೆಡದು, ಒಣಗಿಸಿದ ಕಟಕ ರೊಟ್ಟಿಯಂತೂ ಬಹಳ ದಿನ ಬಾಳುತ್ತದೆ. ಹಾಗಾಗಿ ಅಲ್ಲಿ ರಾತ್ರಿಯ ಕೆಲಸ ಜುಣಕವನ್ನೋ ಪುಂಡಿ ಪಲ್ಯವನ್ನೋ ಹೊಂದಿಸುವುದು. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಯ ಪಕ್ಕಕ್ಕೆ ಒಂದು ಚಟ್ನಿ ಸಾಕು, ಅದರಲ್ಲಿ ಒಣಸೀಗಡಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅವೆರಡಕ್ಕೂ ಬೇರೆ ಅಧ್ಯಾಯಗಳೇ ಬೇಕು.

ಮಿಕ್ಕಿದ್ದರ ಗತಿ ಹೇಳದೆ ರಾತ್ರಿಯ ಊಟ ಮುಗಿಯುವುದಿಲ್ಲ. ಹುರುಳಿ ಕಟ್ಟಿನ ಸಾರನ್ನು ದಿನಾ ಒಮ್ಮೆ ಚೆನ್ನಾಗಿ ಕುದಿಸಿ ಎರಡು ಮೂರು ದಿನ ಉಣ್ಣುವುದುಂಟು, ದಿನ ಕಳೆದಂತೆ ಅದು ಗಟ್ಟಿಯಾಗಿ ರುಚಿ ಕೂಡುತ್ತದೆ. ಕಾಯಿ ರುಬ್ಬಿದ ಸಾರಿಗೆ ಆ ಆಯಸ್ಸಿಲ್ಲ, ಬೇಸಗೆಯಲ್ಲಿ ಬೆಳಗಾಗುವುದರೊಳಗೆ ಹಳಸುತ್ತದೆ. ಆರಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಅನ್ನವನ್ನೂ ರಾತ್ರಿಯಿಡೀ ಹೊರಗೆ ಬಿಡಬಾರದು. ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಮುದ್ದೆಯನ್ನು ನಮ್ಮವ್ವ ಒಂದು ಚೊಂಬು ನೀರಿಗೆ ಹಾಕಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಅದನ್ನು ಕೈಯಲ್ಲಿ ಕಿವುಚಿ, ಮಜ್ಜಿಗೆ ಬೆರೆಸಿ, ಹಸಿ ಈರುಳ್ಳಿಯ ಜೊತೆ ಅಪ್ಪನ ಮುಂದಿಟ್ಟು, ಇನ್ನೊಂದು ಕೈಯಲ್ಲಿ ಅಲಸಂದೆ ಆರಿಸಲು ಕೂರುತ್ತಿದ್ದಳು.