ಡಬ್ಬಿಯ ಗೋಡೆಗೆ ಹತ್ತಿದ ಅರಿಶಿನ

ಒಂದೆರಡು ವರ್ಷ ಸಾರು, ಪಲ್ಯ ಬಿಸಿ ಮಾಡಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಒಳಗೋಡೆಯಲ್ಲಿ ಎರಡು ಗುರುತು ಕಾಣುತ್ತವೆ. ಒಂದು, ಎಷ್ಟು ತಿಕ್ಕಿದರೂ ಬಿಡದ ಅರಿಶಿನದ ಕಲೆ. ಇನ್ನೊಂದು, ಸಾರಿನ ಮೇಲೆ ಎಣ್ಣೆ ತೇಲಿ ನಿಂತಿದ್ದ ಮಟ್ಟದಲ್ಲಿ ಡಬ್ಬಿಯ ಸುತ್ತಲೂ ಎದ್ದಿರುವ ಬಿಳಿಚಿದ ಒರಟು ಗೆರೆ. ಬೆರಳಾಡಿಸಿದರೆ ತರಿತರಿ ಹತ್ತುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಪ್ಲಾಸ್ಟಿಕ್ ಇಡಬಹುದೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಗುರುತಿನಲ್ಲೇ ಇದೆ.

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಡಬ್ಬಿಯ ಪ್ಲಾಸ್ಟಿಕ್ ಸಹ ಕಚ್ಚಾ ತೈಲದಿಂದಲೇ ಬಂದದ್ದು. ನೀರಿಗಿಂತ ಎಣ್ಣೆಯ ಜೊತೆಗೇ ಅದಕ್ಕೆ ಹೊಂದಾಣಿಕೆ ಹೆಚ್ಚು. ತಣ್ಣಗಿದ್ದಾಗ ಅದರ ಉದ್ದುದ್ದ ಅಣುಸರಪಳಿಗಳು ಒತ್ತೊತ್ತಾಗಿ ಕೂತಿರುತ್ತವೆ. ಬಿಸಿ ತಗಲಿದರೆ ಮಿಸುಕಾಡತೊಡಗುತ್ತವೆ, ನಡುವಿನ ಸಂದು ಹಿಗ್ಗುತ್ತದೆ, ಎಣ್ಣೆ ಬಣ್ಣವನ್ನೂ ಕರೆದುಕೊಂಡು ಆ ಸಂದಿಗೆ ನುಗ್ಗುತ್ತದೆ. ಒಳಗೆ ಹೋಗುವ ದಾರಿ ತೆರೆದಿದ್ದರೆ ಹೊರಗೆ ಬರುವ ದಾರಿಯೂ ತೆರೆದಂತೆಯೇ. ಡಬ್ಬಿ ಬಿರಿಯದಿರಲಿ, ಬಣ್ಣಗೆಡದಿರಲಿ ಎಂದು ಬೆರೆಸಿದ ರಾಸಾಯನಿಕಗಳು, ಸರಪಳಿಗೆ ಸೇರದೆ ಉಳಿದ ಚಿಕ್ಕ ಅಣುಗಳು ಪ್ಲಾಸ್ಟಿಕ್ಕಿನಲ್ಲಿ ಇದ್ದೇ ಇರುತ್ತವೆ. ಅವಕ್ಕೆ ಅರಿಶಿನದ ಹಾಗೆ ಬಣ್ಣವಿಲ್ಲ. ಊಟದೊಳಗೆ ಇಳಿದರೂ ನಮಗೆ ಗೊತ್ತಾಗುವುದಿಲ್ಲ.

ಹಾಗಾದರೆ ತಪ್ಪು ಮೈಕ್ರೋವೇವ್ ಒಲೆಯದೇ? ಯಂತ್ರದ ಒಳಗೆ ಇಣುಕಿದರೆ ಅದರ ಮೇಲಿನ ಅರ್ಧ ಆಪಾದನೆ ಬಿದ್ದುಹೋಗುತ್ತದೆ.

ಒಲೆಯ ಜೀವಾಳ ಮ್ಯಾಗ್ನೆಟ್ರಾನ್ ಎಂಬ ಮುಷ್ಟಿಗಾತ್ರದ ಲೋಹದ ಕೊಳವೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಶತ್ರುವಿಮಾನ ಹುಡುಕುವ ರಾಡಾರಿಗಾಗಿ ಇದನ್ನು ಸಿದ್ಧಪಡಿಸಿದರು. ಅದರ ಅಲೆ ಆಹಾರವನ್ನು ಬಿಸಿ ಮಾಡಬಲ್ಲದೆಂದು ಕಂಡುಕೊಂಡು 1945ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವರು ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್. 1947ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಒಲೆ ಆಳೆತ್ತರವಿತ್ತು, ಸುಮಾರು 340 ಕಿಲೋ ತೂಗುತ್ತಿತ್ತು.

ಈಗಿನ ಮನೆ ಒಲೆಯ ಅಲೆ ಸೆಕೆಂಡಿಗೆ 245 ಕೋಟಿ ಬಾರಿ ಕಂಪಿಸುತ್ತದೆ. ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಅಲೆಯ ವಿದ್ಯುತ್ ದಿಕ್ಕು ಬದಲಾದಂತೆಲ್ಲ ಅಣುವೂ ತಿರುಗಲು ಹೆಣಗುತ್ತದೆ. ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತ ಹೊರಳಾಡುವ ಈ ಹೆಣಗಾಟವೇ ಬಿಸಿಯಾಗಿ ಮಾರ್ಪಡುತ್ತದೆ. ರಾಸಾಯನಿಕ ಬಂಧ ಕಡಿಯುವಷ್ಟು ಶಕ್ತಿ ಈ ಅಲೆಗೆ ಇಲ್ಲ. ಒಲೆ ಆರಿಸಿದೊಡನೆ ಅಲೆಯೂ ಇಲ್ಲವಾಗುತ್ತದೆ, ಅನ್ನದಲ್ಲಿ ಉಳಿಯುವುದಿಲ್ಲ. ಅಲೆಯುದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಜಾಲರಿಯ ತೂತು ಮಿಲಿಮೀಟರಿನಷ್ಟು. ಹಾಗಾಗಿ ಅಲೆ ಆಚೆಗೆ ನುಸುಳುವುದೂ ಇಲ್ಲವೆನ್ನುವಷ್ಟು ಕಡಿಮೆ. ಪ್ಲಾಸ್ಟಿಕ್ ಇಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಮತ್ತೆ ಬರುತ್ತದೆ. ಡಯಾಕ್ಸಿನ್ ಆಗಬೇಕಾದರೆ ಕ್ಲೋರಿನ್ ಬೇಕು, ಸುಡುವಷ್ಟು ಶಾಖ ಬೇಕು. ಊಟದ ಡಬ್ಬಿಯ ಪಾಲಿಪ್ರೊಪಿಲೀನ್‌ನಲ್ಲಿ ಕ್ಲೋರಿನ್ ಇರುವುದೇ ಇಲ್ಲ.

ಪಾಲಿಪ್ರೊಪಿಲೀನ್, ಪಾಲಿಥೀನ್‌ಗಳ ಮೂಲಕ ಈ ಅಲೆ ಕಿಟಕಿಯ ಗಾಜಿನಲ್ಲಿ ಬಿಸಿಲು ಹಾದಂತೆ ಹಾದುಹೋಗುತ್ತದೆ. ಡಬ್ಬಿಗೆ ಬಿಸಿ ಮುಟ್ಟಿಸುವುದು ಒಳಗಿನ ಊಟ. ನೀರಾದ ಸಾರು 100 ಡಿಗ್ರಿಯ ಹತ್ತಿರಕ್ಕೆ ಬಂದು ಕುದಿಯುತ್ತ ಅಲ್ಲೇ ನಿಲ್ಲುತ್ತದೆ. ಎಣ್ಣೆಗೆ ಆ ತಡೆ ಇಲ್ಲ. ಬದನೆಕಾಯಿ ಎಣ್ಣೆಗಾಯಿಯ ಮೇಲೆ ತೇಲುವ ಪದರ ನೂರು ದಾಟಿ ಏರಬಲ್ಲದು. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ, ಆದರೆ ಮೆತ್ತಗಾಗುವುದು ಅದಕ್ಕೂ ಬಹಳ ಮುಂಚೆ. ಎಣ್ಣೆ ನಿಂತ ಮಟ್ಟದಲ್ಲೇ ಡಬ್ಬಿ ಒರಟಾಗುವುದು ಇದೇ ಕಾರಣಕ್ಕೆ. ಅಲ್ಲಿಂದ ಎದ್ದ ಪ್ಲಾಸ್ಟಿಕ್ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಲೇಬೇಕು.

ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಅದನ್ನೇ ಎಣಿಸಿತು. ಮಕ್ಕಳ ಆಹಾರದ ಪಾಲಿಪ್ರೊಪಿಲೀನ್ ಡಬ್ಬಿಗಳಿಗೂ ಪಾಲಿಥೀನ್ ಚೀಲಕ್ಕೂ ನೀರು ಅಥವಾ 3 ಪ್ರತಿಶತ ಅಸೆಟಿಕ್ ಆಮ್ಲ ತುಂಬಿ ಮೂರು ನಿಮಿಷ ಮೈಕ್ರೋವೇವ್ ಒಲೆಯಲ್ಲಿಟ್ಟರು. ಒಂದು ಚದರ ಸೆಂಟಿಮೀಟರ್ ಜಾಗದಿಂದ ಹೆಚ್ಚೆಂದರೆ 42 ಲಕ್ಷ ಮೈಕ್ರೋಪ್ಲಾಸ್ಟಿಕ್ ಕಣ, 211 ಕೋಟಿ ನ್ಯಾನೋಪ್ಲಾಸ್ಟಿಕ್ ಕಣ ಉದುರಿದವು. ಹೆಚ್ಚು ಕಣ ಬಿಟ್ಟದ್ದು ಗಟ್ಟಿ ಡಬ್ಬಿಗಿಂತ ಪಾಲಿಥೀನ್ ಚೀಲ. ಆ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರಪಿಂಡದ ಜೀವಕೋಶಗಳಿಗೆ ದಟ್ಟವಾಗಿ ಉಣಿಸಿದಾಗ ಎರಡು ದಿನದಲ್ಲಿ ಮುಕ್ಕಾಲು ಪಾಲು ಸತ್ತವು. ಅಷ್ಟು ದಟ್ಟಣೆ ನಮ್ಮ ತಟ್ಟೆಯಲ್ಲಿ ಇರುವುದಿಲ್ಲ; ಗಾಜಿನ ತಟ್ಟೆಯ ಜೀವಕೋಶ ಬೇರೆ, ಉಂಡು ಅರಗಿಸುವ ಮನುಷ್ಯ ಬೇರೆ. ಹೊಟ್ಟೆಗೆ ಹೋದ ಕಣಗಳು ಎಷ್ಟು ಕೆಡಕು ಮಾಡುತ್ತವೆ ಎಂಬುದು ವಿಜ್ಞಾನಿಗಳ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಬಿಸಿಗೆ ಕಣ ಉದುರುತ್ತವೆ ಎಂಬುದರ ಬಗ್ಗೆ ಮಾತ್ರ ಅನುಮಾನ ಉಳಿದಿಲ್ಲ. ತಪ್ಪಿಸಲು ದಾರಿ ಸುಲಭವಾಗಿರುವಾಗ ತೀರ್ಮಾನಕ್ಕೆ ಕಾಯುತ್ತ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಬಿಸ್ಫಿನಾಲ್-ಎ ಕಥೆ ಈ ಎಚ್ಚರಕ್ಕೆ ಕಾರಣ ಕೊಡುತ್ತದೆ. ಗಾಜಿನಷ್ಟು ತಿಳಿಯಾದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಇದರಿಂದಲೇ ತಯಾರಾಗುತ್ತದೆ; ದೇಹದಲ್ಲಿ ಈಸ್ಟ್ರೊಜನ್ ಹಾರ್ಮೋನಿನ ವೇಷ ಹಾಕಬಲ್ಲ ವಸ್ತು ಇದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ ಇಷ್ಟು ಸಹಿಸಬಹುದು ಎಂದು ಹಾಕಿದ್ದ ಮಿತಿಯನ್ನು 2023ರಲ್ಲಿ 20,000 ಪಟ್ಟು ಇಳಿಸಿತು. ಮರುವರ್ಷದ ಕೊನೆಗೆ ಯುರೋಪಿನ ಒಕ್ಕೂಟ ಆಹಾರ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸಿತು. ನಿನ್ನೆ ಸುರಕ್ಷಿತ ಎನಿಸಿದ್ದು ಇವತ್ತು ಹಾಗಿಲ್ಲ.

ಇನ್ನು ತೆಲಂಗಾಣದ ನಮ್ಮ ಗಡಿಯ ಊರುಗಳಿಗೆ ಬರೋಣ. ನಾರಾಯಣಪೇಟೆ, ಮಕ್ತಲ್, ಗದ್ವಾಲದಲ್ಲಿ ಮೈಕ್ರೋವೇವ್ ಇಲ್ಲದ ಮನೆಗಳೇ ಹೆಚ್ಚು. ಆದರೆ ಬಿಸಿ ಊಟ ಮತ್ತು ಪ್ಲಾಸ್ಟಿಕ್ಕಿನ ಭೇಟಿಗೆ ಒಲೆಯೇ ಬೇಕೆಂದಿಲ್ಲ. ಸಂಜೆ ಸಾರು, ಪಲ್ಯ ಮಾರುವ ಕರ್ರಿ ಪಾಯಿಂಟಿನ ಮುಂದೆ ನಿಂತು ನೋಡಿ. ಬೋಗುಣಿಯಿಂದ ಹೊಗೆಯಾಡುವ ಸಾಂಬಾರನ್ನು ಸೌಟಿನಲ್ಲಿ ಎತ್ತಿ ಅಂಗೈಯಗಲದ ತೆಳು ಕವರಿಗೆ ಸುರಿಯುತ್ತಾರೆ. ಕವರಿನ ಬಾಯಿ ತಿರುವಿ, ಗಾಳಿ ತುಂಬಿ ಉಬ್ಬಿಸಿ, ದಾರ ಸುತ್ತಿ ಗಂಟು ಹಾಕುತ್ತಾರೆ. ಮಗ್ಗದ ಮೇಲೆ ಕೂತವರಿಗೆ ಅಡುಗೆಗೆ ಹೊತ್ತು ಸಿಗದ ದಿನ ಈ ಗಂಟೇ ರೊಟ್ಟಿಗೆ ಜೊತೆ. ಬೈಕಿನ ಹ್ಯಾಂಡಲಿಗೆ ನೇತಾಡುತ್ತ ಅದು ಊಟ್ಕೂರಿನವರೆಗೂ ಹೋಗುತ್ತದೆ. ಮನೆ ಮುಟ್ಟಿ ಬಿಚ್ಚುವ ತನಕ ಬಿಸಿ, ಎಣ್ಣೆ, ಹುಳಿ ಮೂರೂ ಆ ತೆಳು ಪಾಲಿಥೀನಿಗೆ ಒತ್ತಿಕೊಂಡೇ ಇರುತ್ತವೆ. ಈ ಬಗೆಯ ಪಾಲಿಥೀನ್ ಕರಗಲು 110 ಡಿಗ್ರಿಯ ಆಸುಪಾಸು ಸಾಕು. ಈಗಷ್ಟೇ ಕುದಿದ ಸಾಂಬಾರು ಅದಕ್ಕಿಂತ ಬಹಳ ಕೆಳಗೇನೂ ಇಲ್ಲ. ಜೂರಾಲ ಅಣೆಕಟ್ಟೆಯ ಕಡೆಯಿಂದ ಹುಣಸೆಹುಳಿಯ ಮೀನಿನ ಸಾರು ಪಾರ್ಸೆಲ್ ತರುವವರದೂ ಇದೇ ಲೆಕ್ಕ. ಮೈಕ್ರೋವೇವ್ ಎಂದರೆ ಬೆಚ್ಚುವವರು ಈ ಕವರನ್ನು ನಂಬುತ್ತಾರಲ್ಲ, ಅದೇ ನನ್ನ ಚಿಂತೆ.

ನಮ್ಮ ಊಟದ ಸ್ವಭಾವವೂ ಇಲ್ಲಿ ಗಮನಿಸಬೇಕಾದದ್ದು. ಪುಂಡಿಪಲ್ಯ ಹುಳಿ, ಹುಣಸೆ ಸಾರು ಹುಳಿ, ಒಗ್ಗರಣೆ ಧಾರಾಳ. ಆಹಾರದ ಪ್ಲಾಸ್ಟಿಕ್ ಪರೀಕ್ಷಿಸುವ ಭಾರತೀಯ ವಿಧಾನದಲ್ಲಿ ಹುಳಿ ಪದಾರ್ಥದ ಬದಲಿಗೆ 3 ಪ್ರತಿಶತ ಅಸೆಟಿಕ್ ಆಮ್ಲ, ಎಣ್ಣೆ ಪದಾರ್ಥದ ಬದಲಿಗೆ ಹೆಪ್ಟೇನ್ ಬಳಸುತ್ತಾರೆ. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಎಲ್ಲ ವಸ್ತುಗಳ ಒಟ್ಟು ಮೊತ್ತ ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಮೀರಬಾರದು, ಕಣ್ಣಿಗೆ ಕಾಣುವಂತೆ ಬಣ್ಣ ಬಿಡಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮ ಹೇಳುತ್ತದೆ. ಆ ಮಾತು ಹೊಂದುವುದು ಆಹಾರಕ್ಕೆಂದೇ ತಯಾರಾದ ಪ್ಲಾಸ್ಟಿಕ್ಕಿಗೆ. ಕಿರಾಣಿ ಅಂಗಡಿಯ ಬಣ್ಣದ ಕ್ಯಾರಿಬ್ಯಾಗಿನಲ್ಲಿ ಬಿಸಿಬಿಸಿ ಮಿರ್ಚಿಬಜಿ ಕಟ್ಟಿಸಿಕೊಂಡರೆ ಯಾವ ನಿಯಮವೂ ಕಾಯುವುದಿಲ್ಲ.

ಗಡಿಯಾಚೆ ಕರ್ನಾಟಕದಲ್ಲಿ ಬಿಸಿ ತಿಂಡಿಗೆ ಪ್ಲಾಸ್ಟಿಕ್ ತಾಗುವುದು ಸುದ್ದಿಯಾದದ್ದು ಇಡ್ಲಿಯಿಂದ. ಇಡ್ಲಿ ತಟ್ಟೆಗೆ ಹತ್ತಿಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವ ಹೋಟೆಲುಗಳ ಬಗ್ಗೆ ದೂರು ಬಂದು, ಆಹಾರ ಸುರಕ್ಷತಾ ಇಲಾಖೆ 251 ಕಡೆ ಪರಿಶೀಲಿಸಿದಾಗ ಐವತ್ತಕ್ಕೂ ಹೆಚ್ಚು ಕಡೆ ಪ್ಲಾಸ್ಟಿಕ್ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದಕ್ಕೆ ತಡೆ ಹಾಕುವುದಾಗಿ ಪ್ರಕಟಿಸಿದರು. ಅಲ್ಲಿ ಮೈಕ್ರೋವೇವ್ ಇರಲಿಲ್ಲ, ಇದ್ದದ್ದು ಬರೀ ಹಬೆ. ಒಳ್ಳೆಯ ಕ್ರಮ. ಸಾಂಬಾರಿನ ಕವರಿಗೂ ಅದೇ ಬಿಗಿ ಬರಬೇಕು, ಎರಡೂ ರಾಜ್ಯಗಳಲ್ಲಿ.

ಮೈಕ್ರೋವೇವ್ ಒಲೆ ಇರುವ ಮನೆಯವರು ಡಬ್ಬಿಯನ್ನು ಬೋರಲು ಹಾಕಿ ತಳ ನೋಡಬೇಕು. ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್; ಜೊತೆಗೆ ಅಲೆಯಲೆಯಾದ ಗೆರೆಗಳ ಚಿತ್ರವಿದ್ದರೆ ಒಲೆಗೆಂದು ತಯಾರಾದದ್ದು. ಅದಕ್ಕೆ ಇಂಗ್ಲಿಷ್ ಬೇಕಿಲ್ಲ. ನಮ್ಮ ಗಡಿಯ ಕೃಷ್ಣಾ ಮಂಡಲದ ಕನ್ನಡ ಶಾಲೆಯ ಮಗುವೂ ಗುರುತಿಸಬಲ್ಲದು. ಆ ಗುರುತಿನ ಅರ್ಥ ಡಬ್ಬಿ ಸೊಟ್ಟಗಾಗದು, ಇಳಿಯುವ ವಸ್ತು ಮಿತಿಯೊಳಗಿರುತ್ತದೆ ಎಂದಷ್ಟೇ. ಏನೂ ಇಳಿಯದು ಎಂದಲ್ಲ. 1 ಇದ್ದರೆ ಅದು ನೀರಿನ ಬಾಟಲಿಯ ಪೆಟ್, 70 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. 6 ಎಂದರೆ ಥರ್ಮಾಕೋಲಿನ ಕುಲ. ಎರಡನ್ನೂ ಒಲೆಗೆ ಇಡಬಾರದು. ಬಿರಿಯಾನಿ ಬಂದ ತೆಳು ಟಬ್ಬು ತಳದಲ್ಲಿ 5 ಇದ್ದರೂ ಒಂದು ಸಲದ ಬಳಕೆಗೆ ತಯಾರಾದದ್ದು.

ಮದುವೆಯಲ್ಲಿ ಉಡುಗೊರೆ ಬಂದ ಹೂಬಿಡಿಸಿದ ಮೆಲಮೈನ್ ತಟ್ಟೆಗಳಿಗೆ ಬೇರೆಯೇ ತೊಂದರೆ. ಅವು ಅಲೆಯನ್ನು ತಾವೇ ಹೀರಿ ಕಾಯುತ್ತವೆ, ಹುಳಿ ಸೇರಿದರೆ ಮೆಲಮೈನ್, ಫಾರ್ಮಾಲ್ಡಿಹೈಡ್ ಬಿಡುತ್ತವೆ. ಪರೀಕ್ಷೆ ಸುಲಭ: ಬರಿದಾದ ತಟ್ಟೆಯ ಪಕ್ಕ ಗಾಜಿನ ಲೋಟದಲ್ಲಿ ನೀರಿಟ್ಟು ಒಂದು ನಿಮಿಷ ಒಲೆ ಹಚ್ಚಿ. ನೀರು ಬೆಚ್ಚಗಾಗಿ ತಟ್ಟೆ ತಣ್ಣಗಿದ್ದರೆ ಅಲೆಯ ಮಟ್ಟಿಗೆ ಸರಿ. ತಟ್ಟೆ ಕಾದಿದ್ದರೆ ಅದು ರೊಟ್ಟಿ ಹಾಕಿಕೊಳ್ಳಲು ಮಾತ್ರ ಲಾಯಕ್ಕು.

ಸ್ಟೀಲಿನ ಬುತ್ತಿ ಡಬ್ಬಿಯನ್ನು ಒಲೆಯೊಳಗೆ ಇಡಲಾಗದು, ಲೋಹ ಅಲೆಯನ್ನು ತಿರುಗಿಸಿ ಕಿಡಿ ಹಾರಿಸಬಹುದು. ಗಾಜಿನ ಬಟ್ಟಲಿಗೋ ಪಿಂಗಾಣಿಗೋ ಸುರಿದು ಬಿಸಿ ಮಾಡಿ, ಮೇಲೊಂದು ಪಿಂಗಾಣಿ ತಟ್ಟೆ ಮುಚ್ಚಿದರಾಯಿತು. ಕರ್ರಿ ಪಾಯಿಂಟಿಗೆ ಹೋಗುವಾಗ ಮಾತ್ರ ಆ ಸ್ಟೀಲ್ ಡಬ್ಬಿಗೆ ಸಮನಾದದ್ದು ಯಾವುದೂ ಇಲ್ಲ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕೂಸಿನ ಹಾಲಿಗೆ. ಪಾಲಿಪ್ರೊಪಿಲೀನ್ ಹಾಲಿನ ಬಾಟಲಿಯಲ್ಲಿ ಬಿಸಿನೀರು ಹಾಕಿ ಕುಲುಕಿದರೆ ಲೀಟರಿಗೆ 1 ಕೋಟಿ 60 ಲಕ್ಷದವರೆಗೂ ಕಣ ಬರಬಹುದೆಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ತೋರಿಸಿದರು. ಮೈಕ್ರೋವೇವ್ ಹಾಲನ್ನು ಸಮನಾಗಿ ಕಾಯಿಸುವುದೂ ಇಲ್ಲ. ಬಾಟಲಿ ಹೊರಗೆ ತಣ್ಣಗಿದ್ದು ಒಳಗೊಂದು ಕಡೆ ನಾಲಗೆ ಸುಡುವಷ್ಟು ಬಿಸಿ ಇರಬಹುದು. ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಹಾಲಿನ ಪುಡಿಯನ್ನು ಅದರಲ್ಲೇ ಕದಡಿ, ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಸುರಿಯಿರಿ. ಬಾಟಲಿಯೇ ಬೇಡವೆಂದರೆ ಕೂಸಿಗೆ ಹಾಲು ಕುಡಿಸುವ ಒಳಲೆ ಇದೆ. ಮಕ್ಕಳ ವೈದ್ಯರು ಹೇಗೂ ಬಾಟಲಿಗಿಂತ ಅದನ್ನೇ ಒಪ್ಪುತ್ತಾರೆ. ಸ್ಟೀಲಿನ ಒಳಲೆಯನ್ನು ದಿನಾ ಕುದಿಯುವ ನೀರಿನಲ್ಲಿ ಹಾಕಿ ತೊಳೆದರೂ ಪ್ಲಾಸ್ಟಿಕ್ಕಿನ ಒಂದು ಕಣ ಉದುರುವುದಿಲ್ಲ.