ಹ್ಯಾರಿಸ್ ನೆಕ್‌ನ ಹಾಡಿಗೆ ಊರು ಸಿಕ್ಕಿದ್ದು

1929ರ ಬೇಸಿಗೆಯಲ್ಲಿ ಲೊರೆಂಜೊ ಡೌ ಟರ್ನರ್ ಅಮೆರಿಕದ ದಕ್ಷಿಣ ಕೆರೊಲೈನಾದ ಆರೆಂಜ್‌ಬರ್ಗ್ ಎಂಬ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಕರಾವಳಿಯ ಕಡೆಯಿಂದ ಬಂದ ಕೆಲವು ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಮಾತು ಅವರ ಕಿವಿಗೆ ಬಿತ್ತು. ಇಂಗ್ಲಿಷಿನಂತಿತ್ತು, ಆದರೆ ಇಂಗ್ಲಿಷಲ್ಲ. ಟರ್ನರ್ ಸ್ವತಃ ಕರಿಯ ಸಮುದಾಯದವರು, ಭಾಷಾಶಾಸ್ತ್ರದಲ್ಲಿ ನುರಿತವರು. ಆದರೂ ಆ ಮಾತು ಅವರಿಗೆ ಪೂರ್ತಿ ಹಿಡಿತಕ್ಕೆ ಸಿಗಲಿಲ್ಲ.

ಅದು ಗಲ್ಲಾ ಭಾಷೆ. ದಕ್ಷಿಣ ಕೆರೊಲೈನಾ ಮತ್ತು ಜಾರ್ಜಿಯಾದ ಕಡಲಂಚಿನ ದ್ವೀಪಗಳಲ್ಲಿ, ಹಿಂದೆ ಭತ್ತದ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಮೊಮ್ಮಕ್ಕಳು, ಮರಿಮಕ್ಕಳು ಆಡುತ್ತಿದ್ದ ಮಾತು. ಅಂದಿನ ಬಿಳಿಯ ವಿದ್ವಾಂಸರು ಅದನ್ನು ಕೆಟ್ಟುಹೋದ ಇಂಗ್ಲಿಷ್ ಎಂದು ಬದಿಗೆ ಸರಿಸಿದ್ದರು. ಓದಿಲ್ಲದವರ ನಾಲಿಗೆಗೆ ಇಂಗ್ಲಿಷ್ ಹೊರಳಲಿಲ್ಲ, ಅಷ್ಟೇ ಎಂಬ ತೀರ್ಮಾನ. ಟರ್ನರ್ ಅದನ್ನು ಒಪ್ಪಲಿಲ್ಲ. ಧ್ವನಿಮುದ್ರಣ ಯಂತ್ರ ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋದರು, ಮುದುಕ ಮುದುಕಿಯರ ಪಕ್ಕ ಕೂತು ಕೇಳಿದರು, ಪಶ್ಚಿಮ ಆಫ್ರಿಕಾದ ಭಾಷೆಗಳನ್ನು ತಿಳಿಯಲು ಲಂಡನ್ನಿನಲ್ಲಿ ಓದಿದರು. 1949ರಲ್ಲಿ ಗಲ್ಲಾದ ಆಫ್ರಿಕನ್ ಅಂಶಗಳನ್ನು ಕುರಿತ ಅವರ ಗ್ರಂಥ ಹೊರಬಂದಾಗ ಅದರಲ್ಲಿ ಆಫ್ರಿಕನ್ ಮೂಲದ ಸುಮಾರು 4,000 ಪದಗಳೂ ಹೆಸರುಗಳೂ ಇದ್ದವು. ಅವುಗಳಲ್ಲಿ ಹೆಚ್ಚಿನವು ಮನೆಯೊಳಗೆ ಮಾತ್ರ ಕರೆಯುವ ಮುದ್ದಿನ ಹೆಸರುಗಳು. ಹೊರಗಿನವರ ಮುಂದೆ ಜಾನ್, ಮೇರಿ. ಒಳಗೆ ಬೇರೆಯೇ.

ಆ ಗ್ರಂಥದ ಒಂದು ಮೂಲೆಯಲ್ಲಿ ಐದು ಸಾಲಿನ ಹಾಡೊಂದಿದೆ. 1930ರ ದಶಕದ ಆರಂಭದಲ್ಲಿ ಜಾರ್ಜಿಯಾ ಕರಾವಳಿಯ ಹ್ಯಾರಿಸ್ ನೆಕ್ ಎಂಬ ಮೀನುಗಾರರ ಹಳ್ಳಿಯಲ್ಲಿ ಅಮೀಲಿಯಾ ಡಾಲಿ ಎಂಬಾಕೆ ಟರ್ನರ್ ಅವರಿಗೆ ಹಾಡಿದ್ದು. ಒಂದೆರಡು ಆಫ್ರಿಕನ್ ಪದ ಬೆರೆತ ಗಲ್ಲಾ ಹಾಡಲ್ಲ ಅದು. ಮೊದಲಿನಿಂದ ಕೊನೆಯವರೆಗೂ ಬೇರೊಂದು ಭಾಷೆ. ಹಾಡುವವರಿಗೂ ಅರ್ಥ ಗೊತ್ತಿರಲಿಲ್ಲ, ಹಿರಿಯ ಹೆಂಗಸರ ಬಾಯಿಂದ ಕೇಳಿ ಕಲಿತದ್ದಷ್ಟೇ. ಅಮೆರಿಕದಲ್ಲಿ ಓದುತ್ತಿದ್ದ, ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ವಿದ್ಯಾರ್ಥಿ ಸಾಲೊಮನ್ ಕೌಲ್ಕರ್ ಧ್ವನಿಮುದ್ರಿಕೆ ಕೇಳಿ, ಇದು ತನ್ನ ದೇಶದ ಮೆಂಡೆ ಭಾಷೆ ಎಂದು ಗುರುತಿಸಿದರು. ಅಮೆರಿಕದ ಕರಿಯ ಸಮುದಾಯದಲ್ಲಿ ಆಫ್ರಿಕನ್ ಭಾಷೆಯೊಂದರಲ್ಲೇ ಉಳಿದುಬಂದ ಅತಿ ದೀರ್ಘ ಪಠ್ಯ ಇದೇ ಎಂದು ಅಧ್ಯಯನಕಾರರು ಹೇಳುತ್ತಾರೆ.

ಮುಂದೆ ದಶಕಗಳ ಕಾಲ ಹಾಡು ಪುಸ್ತಕದೊಳಗೇ ಉಳಿಯಿತು. ಭಾಷೆ ಗೊತ್ತಾಯಿತು, ಊರು ಗೊತ್ತಾಗಲಿಲ್ಲ. ಊರಿಗಾಗಿ ಹುಡುಕಬಹುದು ಎಂದು ಯಾರಿಗೂ ಹೊಳೆದಂತಿಲ್ಲ.

ಹೊಳೆದದ್ದು ಸಿಯೆರಾ ಲಿಯೋನ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಮಾನವಶಾಸ್ತ್ರಜ್ಞ ಜೋಸೆಫ್ ಓಪಾಲಾ ಅವರಿಗೆ. ಅವರು 1974ರಲ್ಲಿ ಅಮೆರಿಕ ಸರ್ಕಾರದ ಪೀಸ್ ಕೋರ್ ಎಂಬ ಸೇವಾ ಸಂಸ್ಥೆಯ ಸ್ವಯಂಸೇವಕರಾಗಿ ಆ ದೇಶಕ್ಕೆ ಬಂದವರು. ಆ ದೇಶಕ್ಕೂ ಗಲ್ಲಾ ಜನರಿಗೂ ಹಳೆಯ ನಂಟಿದೆ. ರಾಜಧಾನಿ ಫ್ರೀಟೌನ್‌ನಿಂದ ನದಿಯ ಮೇಲ್ಮುಖವಾಗಿ ಸಾಗಿದರೆ ಬನ್ಸ್ ಎಂಬ ಪುಟ್ಟ ದ್ವೀಪ ಸಿಗುತ್ತದೆ. 1670ರ ಸುಮಾರಿನಿಂದ 1800ರ ದಶಕದ ಆರಂಭದವರೆಗೆ ಬ್ರಿಟಿಷ್ ವರ್ತಕರು ಅಲ್ಲಿ ಕೋಟೆ ಕಟ್ಟಿಕೊಂಡು ಮನುಷ್ಯರನ್ನು ಮಾರಿದರು. ಅಲ್ಲಿಂದ ಹೊರಟ ಹಡಗುಗಳಲ್ಲಿ ಹಲವು ನೇರವಾಗಿ ದಕ್ಷಿಣ ಕೆರೊಲೈನಾದ ಚಾರ್ಲ್‌ಸ್ಟನ್ ಬಂದರಿಗೆ ಹೋಗುತ್ತಿದ್ದವು. ಕಾರಣ ಭತ್ತ. ಆ ತೀರದ ಜನ ತಲೆಮಾರುಗಳಿಂದ ಭತ್ತ ಬೆಳೆದವರು. ಕೆರೊಲೈನಾದ ತೋಟದ ಒಡೆಯರಿಗೆ ಬೇಕಿದ್ದುದು ಆ ಕೈಚಳಕವೇ. ಚಾರ್ಲ್‌ಸ್ಟನ್‌ನಲ್ಲಿ ಬನ್ಸ್ ದ್ವೀಪದ ಸರಕು ಮಾರಿಕೊಡುತ್ತಿದ್ದ ಹೆನ್ರಿ ಲಾರೆನ್ಸ್ ಮುಂದೆ ಅಮೆರಿಕದ ಸ್ವಾತಂತ್ರ್ಯದ ನಾಯಕರಲ್ಲೊಬ್ಬರಾದರು. 1782ರಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಮಾತುಕತೆ ನಡೆದಾಗ ಬ್ರಿಟನ್ ಪರವಾಗಿ ಕೂತಿದ್ದ ರಿಚರ್ಡ್ ಆಸ್ವಾಲ್ಡ್ ಬನ್ಸ್ ದ್ವೀಪದ ಪಾಲುದಾರ. ಅಮೆರಿಕದ ಪರವಾಗಿ ಬಂದವರಲ್ಲಿ ಅದೇ ಲಾರೆನ್ಸ್. ಹಾಡನ್ನು ಕಡಲಾಚೆಗೆ ಕೊಂಡೊಯ್ದ ಹೆಣ್ಣಿನ ಹೆಸರು ಯಾವ ದಫ್ತರದಲ್ಲೂ ಇಲ್ಲ, ಇಂಥ ವರ್ತಕರ ಹೆಸರುಗಳು ಮಾತ್ರ ಇವೆ ಎಂಬುದು ನನ್ನನ್ನು ಬಹಳ ಕಾಡುತ್ತದೆ.

1990ರ ಸುಮಾರಿಗೆ ಓಪಾಲಾ, ಜನಪದ ಸಂಗೀತದ ಅಧ್ಯಯನಕಾರ್ತಿ ಸಿಂಥಿಯಾ ಸ್ಮಿಟ್, ಮೆಂಡೆ ಭಾಷೆಯ ವಿದ್ವಾಂಸ ತಾಜೀಫ್ ಕೊರೋಮಾ ಮೂವರೂ ಟರ್ನರ್ ಅವರ ಹಳೆಯ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿದರು. ನನ್ನ ದೃಷ್ಟಿಯಲ್ಲಿ ಇಡೀ ಶೋಧದ ತಿರುವು ಕೊರೋಮಾ ಅವರ ಕಿವಿ. ಹಾಡಿನ ಒಂದು ಪದವನ್ನು ಮೆಂಡೆ ನಾಡಿನವರೆಲ್ಲ ಬಳಸುವುದಿಲ್ಲ, ದಕ್ಷಿಣದ ಒಂದು ಭಾಗದವರು ಮಾತ್ರ ಬಳಸುತ್ತಾರೆ ಎಂದು ಅವರಿಗೆ ಹೊಳೆಯಿತು. ಅದರಿಂದ ದೇಶದಷ್ಟಿದ್ದ ಹುಡುಕಾಟ ಒಂದು ಸೀಮೆಗೆ ಇಳಿಯಿತು. ಮೆಂಡೆಯೇ ತಾಯಿನುಡಿಯಾದವರಿಗೆ ಮಾತ್ರ ಸಿಗಬಹುದಾದ ಸುಳಿವು ಅದು. ಯಂತ್ರವಿದ್ದು, ಹಣವಿದ್ದು, ಅಂಥವರೊಬ್ಬರು ಜೊತೆಗಿಲ್ಲದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಸ್ಮಿಟ್ ಆ ಸೀಮೆಯ ಹಳ್ಳಿಗಳಲ್ಲಿ ಹಾಡನ್ನು ಕೇಳಿಸುತ್ತ ಹೋದರು. ಒಳನಾಡಿನ ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಬೈಂದು ಜಬಾಟಿ ಎಂಬಾಕೆಗೆ ಅದನ್ನೇ ಹೋಲುವ ಹಾಡು ಬರುತ್ತಿತ್ತು. ಆಕೆಗೆ ಕಲಿಸಿದ್ದು ಅಜ್ಜಿ. ಅದು ಸಾವಿನ ಹಾಡು. ಮೆಂಡೆ ಜನರಲ್ಲಿ ಹುಟ್ಟು ಸಾವುಗಳ ವಿಧಿಗಳು ಹೆಂಗಸರ ಪಾಲಿನವು. ಸಮಾಧಿಯ ಬಳಿ ಎಲ್ಲರೂ ಸೇರಿ, ಅಡುಗೆ ಮಾಡಿ, ಸತ್ತವರಿಗೆ ಕೊನೆಯ ಎಡೆ ಇಟ್ಟು ಬೀಳ್ಕೊಡುವ ತೆನ್‌ಜಾಮಿ ಎಂಬ ವಿಧಿಯಲ್ಲಿ ಈ ಹಾಡು ಹಾಡುತ್ತಿದ್ದರು. ತೀರಿಕೊಂಡವರಿಗೆ ಅವರ ಮೆಚ್ಚಿನ ಅಡುಗೆ ಮಾಡಿ ಎಡೆ ಇಡುವ ನಮ್ಮ ಮನೆಗಳವರಿಗೆ ಈ ವಿಧಿ ದೂರದ್ದು ಎನಿಸಲಾರದು. ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳು ಬಂದ ಮೇಲೆ ವಿಧಿ ನಿಂತುಹೋಯಿತು. ಅಜ್ಜಿ ಮಾತ್ರ ಹಾಡನ್ನು ಬಿಡಲಿಲ್ಲ. ದೂರವಾದ ನೆಂಟರು ಮುಂದೊಂದು ದಿನ ಬಂದರೆ ಇದರಿಂದಲೇ ಗುರುತು ಸಿಗುತ್ತದೆ ಎಂದು ಮೊಮ್ಮಗಳಿಗೆ ಹೇಳಿದ್ದರಂತೆ.

ಹೀಗೆ ಒಂದು ತುದಿ ಸಿಕ್ಕಿತು. ಇನ್ನೊಂದು ತುದಿಗಾಗಿ ಓಪಾಲಾ ಮತ್ತು ಸ್ಮಿಟ್ ಜಾರ್ಜಿಯಾಕ್ಕೆ ಹೋದರು. ಅಮೀಲಿಯಾ ಆಗ ಇರಲಿಲ್ಲ. ಮಗಳು ಮೇರಿ ಮೋರನ್ ಇದ್ದರು, ಎಪ್ಪತ್ತರ ಹತ್ತಿರದ ವಯಸ್ಸು. ಅವರಿಗೆ ಹಾಡು ನೆನಪಿತ್ತು! ತಾಯಿ ಹೇಳಿಕೊಟ್ಟಿದ್ದರು. ಮೇರಿ ಅದನ್ನು ಮಕ್ಕಳ ಆಟದ ಹಾಡೆಂದೇ ತಿಳಿದಿದ್ದರು.

ಈ ಜಾಗದಲ್ಲಿ ನಾನು ಯಾವಾಗಲೂ ನಿಲ್ಲುತ್ತೇನೆ. ಅಮೆರಿಕದಲ್ಲಿ ಹಾಡಿನ ಅರ್ಥ ಹೋಗಿ ದನಿ ಉಳಿಯಿತು. ಆಫ್ರಿಕಾದಲ್ಲಿ ವಿಧಿ ಹೋಗಿ ಅದರ ನೆನಪು ಉಳಿಯಿತು. ಎರಡೂ ಕಡೆ ಕಾಪಾಡಿದವರು ಹೆಂಗಸರು, ಅದೂ ಮನೆಯ ಹೆಣ್ಣುಮಕ್ಕಳ ಬಾಯಿಗೆ ಕೊಟ್ಟು. ಸಾವಿನ ಹಾಡು ಮಕ್ಕಳ ಆಟದ ಹಾಡಾಗಿದ್ದು ನಷ್ಟವೆಂದು ಮೊದಲು ಅನಿಸುತ್ತದೆ. ಆದರೆ ಆಟಕ್ಕೆ ಇಳಿದದ್ದರಿಂದಲೇ ಅದು ದಿನವೂ ಬಾಯಿಗೆ ಬರುವಂತಾಯಿತು, ಉಳಿಯಿತು ಎಂದು ನನಗೆ ತೋರುತ್ತದೆ. ಅಪರೂಪಕ್ಕೊಮ್ಮೆ ಹಾಡುವ ಗಂಭೀರ ಹಾಡಾಗಿದ್ದರೆ ತೋಟದ ದುಡಿಮೆಯ ನಡುವೆ ಎಂದೋ ಮರೆತುಹೋಗುತ್ತಿತ್ತು.

ಎರಡು ಕುಟುಂಬಗಳನ್ನು ಸೇರಿಸುವ ಯೋಚನೆ ಕೂಡಲೇ ಬಂತು. ಆದರೆ 1991ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ಸೆನೆಹುನ್ ಎನ್‌ಗೋಲಾವನ್ನು ಬಂಡುಕೋರರು ಹಾಳುಗೆಡವಿದರು. ಯುದ್ಧ ಸ್ವಲ್ಪ ತಣಿದಂತೆ ಕಂಡ 1997ರಲ್ಲಿ ಮೇರಿ ಮನೆಯವರೊಂದಿಗೆ ಹೊರಟರು. ಫ್ರೀಟೌನ್‌ನಲ್ಲಿ ಅಧ್ಯಕ್ಷ ಅಹ್ಮದ್ ತೇಜನ್ ಕಬ್ಬಾ ಈ ಕುಟುಂಬವನ್ನು ಸ್ವಾಗತಿಸಿದರು. ಆ ಮರ್ಯಾದೆ ದೊಡ್ಡದೇ, ಆದರೆ ಇಡೀ ಪಯಣದ ಜೀವ ಇದ್ದದ್ದು ಹಳ್ಳಿಯಲ್ಲಿ. ಆಗಷ್ಟೇ ಮನೆ ಮಠ ಕಳೆದುಕೊಂಡು, ತಮ್ಮವರನ್ನು ಮಣ್ಣು ಮಾಡಿ, ಮತ್ತೆ ಬದುಕು ಕಟ್ಟಿಕೊಳ್ಳುತ್ತಿದ್ದ ಜನ ಅವರು. ಮೇರಿಗಾಗಿ ಅವರು ದಶಕಗಳ ಹಿಂದೆ ನಿಂತಿದ್ದ ತೆನ್‌ಜಾಮಿಯನ್ನು ಮತ್ತೆ ನಡೆಸಿದರು. ತೊಂಬತ್ತರ ಆಸುಪಾಸಿನ ಹಳ್ಳಿಯ ಮುಖಂಡ ನಬಿ ಜಾ ಅದರ ಏರ್ಪಾಟು ಮಾಡಿಸಿದರು. ಇಷ್ಟೆಲ್ಲ ಇರುವಾಗ, ಗುಲಾಮಳಾಗಿ ಕಡಲು ದಾಟಿದ ಆ ಹೆಣ್ಣು ಈ ಒಂದು ಹಾಡನ್ನೇ ಯಾಕೆ ಕೊಂಡೊಯ್ದಳು ಎಂಬ ಪ್ರಶ್ನೆ ಅವರ ಮುಂದೆ ಬಂತು. ನಬಿ ಜಾ ಅವರಿಗೆ ಅದು ಪ್ರಶ್ನೆಯೇ ಅಲ್ಲ. ಹಿರಿಯರ ಜೊತೆಗೂ ಅವರ ಆಶೀರ್ವಾದದ ಜೊತೆಗೂ ನಂಟು ಉಳಿಸುವ ಹಾಡು ಅದು, ಅದಕ್ಕಿಂತ ಬೆಲೆಯುಳ್ಳದ್ದು ಆಕೆಗೆ ಇನ್ನೇನಿತ್ತು ಎಂಬುದು ಅವರ ಉತ್ತರದ ಭಾವ. ಅಲ್ವಾರೊ ಟೊಯೆಪ್ಕೆ ಮತ್ತು ಆಂಖೆಲ್ ಸೆರಾನೊ ಇದನ್ನೆಲ್ಲ ಚಿತ್ರೀಕರಿಸಿ 1998ರಲ್ಲಿ ‘ದ ಲ್ಯಾಂಗ್ವೇಜ್ ಯು ಕ್ರೈ ಇನ್’ ಎಂಬ ಸಾಕ್ಷ್ಯಚಿತ್ರ ಹೊರತಂದರು. ಅದೃಷ್ಟವಶಾತ್ ಪಯಣ ಸರಿಯಾದ ಹೊತ್ತಿಗೆ ನಡೆದಿತ್ತು. 1997ರ ಮೇ ತಿಂಗಳಲ್ಲೇ ಸೈನಿಕ ಕ್ರಾಂತಿಯಾಗಿ ಕಬ್ಬಾ ದೇಶ ಬಿಡಬೇಕಾಯಿತು. ಯುದ್ಧ 2002ರವರೆಗೂ ಮುಗಿಯಲಿಲ್ಲ.

ಇಂಥದ್ದೇ ಇನ್ನೊಂದು ಪಯಣ 2005ರಲ್ಲಿ ನಡೆಯಿತು. ಚಾರ್ಲ್‌ಸ್ಟನ್‌ನ ಥಾಮಲಿಂಡ್ ಮಾರ್ಟಿನ್ ಪೊಲೈಟ್ ಸಿಯೆರಾ ಲಿಯೋನ್‌ಗೆ ಹೋದರು. 1756ರಲ್ಲಿ ‘ಹೇರ್’ ಎಂಬ ಹಡಗಿನಲ್ಲಿ ಬಂದ ಪ್ರಿಸ್ಸಿಲಾ ಎಂಬ ಹತ್ತು ವರ್ಷದ ಹುಡುಗಿಯ ಏಳನೆಯ ತಲೆಮಾರಿನವರು ಅವರು. ಆ ಪಯಣಕ್ಕೆ ದಾರಿ ತೋರಿಸಿದ್ದು ಕಾಗದಪತ್ರಗಳು: ಹಡಗಿನ ದಾಖಲೆ, ಹುಡುಗಿಯನ್ನು ಕೊಂಡುಕೊಂಡ ತೋಟದ ಒಡೆಯ ಎಲಿಯಾಸ್ ಬಾಲ್ ಬರೆದಿಟ್ಟ ಲೆಕ್ಕ. ಆದರೆ ಪ್ರಿಸ್ಸಿಲಾ ಎಂಬುದು ಬಾಲ್ ಇಟ್ಟ ಹೆಸರು. ಒಡೆಯರ ಲೆಕ್ಕದಲ್ಲಿ ವರ್ಷವೂ ಹಡಗೂ ಸಿಗುತ್ತವೆ. ಮೋರನ್ ಕುಟುಂಬಕ್ಕೆ ಇವೆರಡೂ ಸಿಗಲಿಲ್ಲ, ಆದರೆ ತಮ್ಮವರು ಸತ್ತವರನ್ನು ಹೇಗೆ ಕಳಿಸಿಕೊಡುತ್ತಿದ್ದರು ಎಂಬುದು ಸಿಕ್ಕಿತು.

ಆಫ್ರಿಕಾದಿಂದ ಹಿಂತಿರುಗಿದ ಮೇರಿಗೆ ಹುಟ್ಟೂರು ಮಾತ್ರ ಆಗಲೂ ದಕ್ಕಿರಲಿಲ್ಲ. 1942ರಲ್ಲಿ, ಮಹಾಯುದ್ಧದ ವಿಮಾನ ನೆಲೆಗೆಂದು, ಅಮೆರಿಕದ ಸರ್ಕಾರ ಹ್ಯಾರಿಸ್ ನೆಕ್‌ನ ಜನರನ್ನು ಕೆಲವೇ ವಾರಗಳ ಗಡುವು ಕೊಟ್ಟು ಎಬ್ಬಿಸಿತ್ತು. ಟರ್ನರ್ ಕೂತು ಹಾಡು ಕೇಳಿದ ಊರು ಅದು. ಯುದ್ಧ ಮುಗಿದ ಮೇಲೂ ಜಮೀನು ಅವರ ಕೈಗೆ ಬರಲಿಲ್ಲ. 1962ರಲ್ಲಿ ಅದು ವನ್ಯಜೀವಿಧಾಮವಾಯಿತು. 1979ರಲ್ಲಿ ಊರವರು ಅಲ್ಲೇ ಬಿಡಾರ ಹೂಡಿ ಹಕ್ಕು ಕೇಳಿದರು, ಅವರನ್ನು ಹೊರಹಾಕಲಾಯಿತು. ನಂತರದ ಹೋರಾಟದ ಮುಂಚೂಣಿಯಲ್ಲಿ ಮೇರಿಯ ಮಗ ವಿಲ್ಸನ್ ಮೋರನ್ ಕೂಡ ನಿಂತರು. ಅಮೀಲಿಯಾರ ದನಿ ಇಂಡಿಯಾನಾ ವಿಶ್ವವಿದ್ಯಾಲಯದ ಸಂಗೀತ ಸಂಗ್ರಹದಲ್ಲಿದೆ, ಕೇಳಬೇಕೆಂದವರು ಕೇಳಬಹುದು. ಆಕೆ ಹಾಡಿದ ನೆಲದಲ್ಲಿ ಆಕೆಯ ಮನೆಯವರು ಮನೆ ಕಟ್ಟುವಂತಿಲ್ಲ.